ಕೇಂಬ್ರಿಜ್ ಐಇಎಲ್‌ಟಿಎಸ್ ಅಭ್ಯಾಸ ಪುಸ್ತಕಗಳು: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಐಇಎಲ್‌ಟಿಎಸ್ ಎಂದರೆ ವಿದೇಶಕ್ಕೆ ಓದಲು, ಕೆಲಸಕ್ಕೆ ಅಥವಾ ನೆಲೆಸಲು ಹೋಗುವವರು ಬರೆಯುವ ಇಂಗ್ಲಿಷ್ ಭಾಷಾ ಪರೀಕ್ಷೆ. ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಹೊರತರುವ ಅದರ ಅಭ್ಯಾಸ ಪರೀಕ್ಷೆಗಳ ಪುಸ್ತಕಮಾಲೆಯನ್ನು ನಾನು ಮೊದಲು ನನ್ನ ಸ್ವಂತ ತಯಾರಿಗೆ ಬಳಸಿದೆ. ಆಮೇಲೆ ಬ್ರಿಟನ್ನಿನಲ್ಲಿ ನರ್ಸ್ ಕೆಲಸಕ್ಕೆ ಹೋಗಲು ಓದುತ್ತಿದ್ದ ಆಸ್ಪತ್ರೆಯ ಸಹೋದ್ಯೋಗಿಗಳಿಗೆ ನೆರವಾಗುವಾಗಲೂ, ಈಚೆಗೆ ಕೆನಡಾಕ್ಕೆ ಅರ್ಜಿ ಹಾಕುತ್ತಿರುವ ತಂಗಿ ಮತ್ತು ಅವಳ ಗಂಡನ ಜೊತೆ ಕುಳಿತಾಗಲೂ ಇವೇ ಪುಸ್ತಕಗಳು ಕೈಯಲ್ಲಿದ್ದವು. ಇಷ್ಟು ವರ್ಷಗಳ ಬಳಕೆಯಿಂದ ನನಗೆ ಸ್ಪಷ್ಟವಾಗಿರುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಪುಸ್ತಕಗಳ ನಿಜವಾದ ಬೆಲೆ ಮುಂದಿನ ಪುಟಗಳ ಪ್ರಶ್ನೆಗಳಲ್ಲಿಲ್ಲ, ಬಹುತೇಕರು ತೆರೆದೇ ನೋಡದ ಹಿಂದಿನ ಪುಟಗಳಲ್ಲಿದೆ. ಪುಸ್ತಕ ಮುಗಿಸಿದೆವು ಎನ್ನುವ ಹಲವರು ನಿಜವಾಗಿ ಅದರ ಅರ್ಧವನ್ನಷ್ಟೇ ಬಳಸಿರುತ್ತಾರೆ.

ಈ ಮಾಲೆಯ ಮೊದಲ ಸಂಪುಟ ಬಂದದ್ದು 1996ರಲ್ಲಿ. ಈಗ ಹೆಚ್ಚುಕಡಿಮೆ ವರ್ಷಕ್ಕೊಂದು ಸಂಪುಟ ಬರುತ್ತದೆ. ಒಂದೊಂದರಲ್ಲೂ ನಾಲ್ಕು ಪೂರ್ಣ ಪರೀಕ್ಷೆಗಳಿರುತ್ತವೆ, ಅವುಗಳ ಹಿಂದೆ ಲಿಸನಿಂಗ್ ಭಾಗದ ಮಾತುಗಳ ಪೂರ್ಣ ಲಿಖಿತ ಪಾಠ, ಉತ್ತರಗಳು ಮತ್ತು ರೈಟಿಂಗ್ ಭಾಗದ ಮಾದರಿ ಬರಹಗಳಿರುತ್ತವೆ. ಹಳೆಯ ಸಂಪುಟಗಳ ಜೊತೆ ಸಿಡಿ ಬರುತ್ತಿತ್ತು, ಈಗಿನವುಗಳ ಧ್ವನಿಯನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. 12ನೆಯ ಸಂಪುಟದಿಂದ ಪರೀಕ್ಷೆಯ ಎರಡು ಬಗೆಗಳಾದ ಅಕಾಡೆಮಿಕ್ ಮತ್ತು ಜನರಲ್ ಟ್ರೇನಿಂಗ್‌ಗೆ ಎರಡು ಬೇರೆ ಬೇರೆ ಪುಸ್ತಕಗಳು ಬರುತ್ತಿವೆ. ಆದ್ದರಿಂದ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವ ಮುನ್ನ ಮುಖಪುಟದ ಆ ಒಂದು ಸಾಲನ್ನು ಗಮನವಿಟ್ಟು ಓದಬೇಕು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಬೇಕಾದದ್ದು ಅಕಾಡೆಮಿಕ್, ಕೆನಡಾದ ಕಾಯಂ ವಾಸದ ಅರ್ಜಿಗೆ ಬೇಕಾದದ್ದು ಜನರಲ್. ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಲಿಸನಿಂಗ್ ಮತ್ತು ಸ್ಪೀಕಿಂಗ್ ಈ ಎರಡೂ ಬಗೆಗಳಿಗೆ ಒಂದೇ. ರೀಡಿಂಗ್ ಪೂರ್ತಿ ಬೇರೆಯಾಗುತ್ತದೆ, ರೈಟಿಂಗ್‌ನಲ್ಲಿ ಮೊದಲ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ: ಅಕಾಡೆಮಿಕ್‌ನಲ್ಲಿ ಗ್ರಾಫ್ ಅಥವಾ ಕೋಷ್ಟಕದ ವಿವರಣೆ, ಜನರಲ್‌ನಲ್ಲಿ ಪತ್ರ.

ಲಿಸನಿಂಗ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕನ್ನಡ ಮಾತನಾಡುತ್ತಾ ಬೆಳೆದ ನಮ್ಮಂಥವರಿಗೆ ಈ ಪುಸ್ತಕ ಅತಿ ಹೆಚ್ಚು ಕಲಿಸುವುದು ಇಲ್ಲಿಯೇ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಬಹುಮಟ್ಟಿಗೆ ಅದರದೇ ಆದ ಕಾಲ ಸಿಗುತ್ತದೆ. ಇಂಗ್ಲಿಷ್ ಮಾತಿನಲ್ಲಾದರೋ ಒತ್ತು ಬಿದ್ದ ಅಕ್ಷರಗಳು ಮಾತ್ರ ಎದ್ದು ಕೇಳಿಸಿ, ಉಳಿದವು ಒಂದರೊಳಗೊಂದು ಕರಗಿಹೋಗುತ್ತವೆ. 'ಕುಡ್ ಹ್ಯಾವ್' ಎಂಬುದು 'ಕುಡವ್' ಆಗುತ್ತದೆ, 'ಆ್ಯಂಡ್' ಬರಿಯ 'ನ್' ಆಗಿ ಉಳಿಯುತ್ತದೆ, ಬಹುವಚನದ ಕೊನೆಯ 'ಸ್' ಮುಂದಿನ ಪದಕ್ಕೆ ಅಂಟಿಕೊಂಡು ಮಾಯವಾಗುತ್ತದೆ. ಪರೀಕ್ಷೆಯಲ್ಲಿ ಅಂಕ ನಿಲ್ಲುವುದೂ ಹೋಗುವುದೂ ಆ 'ಸ್' ಮೇಲೆಯೇ. 'ಟಿಕೆಟ್ಸ್' ಎಂದು ಬರೆಯಬೇಕಾದಲ್ಲಿ 'ಟಿಕೆಟ್' ಎಂದು ಬರೆದರೆ ಉತ್ತರ ತಪ್ಪು, ಕಾಗುಣಿತ ತಪ್ಪಿದರೂ ತಪ್ಪು, ಎರಡಕ್ಕಿಂತ ಹೆಚ್ಚು ಪದ ಬರೆಯಬಾರದೆಂದು ಸೂಚನೆಯಿದ್ದಾಗ ಮೂರು ಬರೆದರೂ ತಪ್ಪು.

ಬಳಸುವ ಕ್ರಮ ಹೀಗೆ. ಪರೀಕ್ಷೆಯನ್ನು ನಿಲ್ಲಿಸದೆ ಒಂದೇ ಸಲ ಕೇಳಿ ಉತ್ತರ ಬರೆಯಬೇಕು. ಅಂಕ ಲೆಕ್ಕ ಹಾಕುವ ಮೊದಲು ಹಿಂದಿನ ಪುಟಗಳ ಲಿಖಿತ ಪಾಠವನ್ನು ತೆರೆದಿಟ್ಟುಕೊಂಡು ಅದೇ ಧ್ವನಿಯನ್ನು ಮತ್ತೊಮ್ಮೆ ಕೇಳಬೇಕು, ಉತ್ತರ ಬರುವ ಸಾಲುಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಆಗ ಪ್ರಶ್ನೆ ರಚಿಸಿದವರ ಕೈಚಳಕ ಬಯಲಾಗುತ್ತದೆ. ಯಾರೋ ಒಬ್ಬರು ಈಜುಕೊಳದ ಸದಸ್ಯತ್ವಕ್ಕೆ ಫೋನ್ ಮಾಡುತ್ತಾರೆ ಎಂದುಕೊಳ್ಳಿ. ಆ ಕಡೆಯವರು ಮೊದಲು ನಲವತ್ತು ಪೌಂಡ್ ಎನ್ನುತ್ತಾರೆ, ನೀವು ವಿದ್ಯಾರ್ಥಿಯೇ ಎಂದು ಕೇಳಿ ಮೂವತ್ತೆರಡಕ್ಕೆ ಇಳಿಸುತ್ತಾರೆ, ಆಮೇಲೆ ಆ ರಿಯಾಯಿತಿ ವಾರದ ದಿನಗಳಿಗೆ ಮಾತ್ರ ಎಂದು ಸೇರಿಸುತ್ತಾರೆ. ಫೋನ್ ಮಾಡಿದವರು ಭಾನುವಾರ ಬರುವವರು. ಮೂರೂ ಮಾತು ಕಿವಿಗೆ ಬಿದ್ದಿದ್ದರೂ ಕೊನೆಯ ಮಾತನ್ನು ಮೊದಲ ಅಂಕಿಗೆ ಜೋಡಿಸದವರು ಮೂವತ್ತೆರಡು ಎಂದೇ ಬರೆಯುತ್ತಾರೆ. ಇಲ್ಲಿ ಸೋತದ್ದು ಕಿವಿಯೋ ಗಮನವೋ ಎಂಬುದನ್ನು ಲಿಖಿತ ಪಾಠ ಮಾತ್ರ ತೋರಿಸಿಕೊಡಬಲ್ಲದು, ಏಕೆಂದರೆ ಎರಡರ ತಪ್ಪಿಗೂ ಅಂಕಪಟ್ಟಿಯಲ್ಲಿ ಬೀಳುವುದು ಒಂದೇ ಸೊನ್ನೆ. ಕಿವಿ ಸೋತಿದ್ದರೆ ಆ ಸಾಲನ್ನು ಹಲವು ಬಾರಿ ಕೇಳಿ, ಗಟ್ಟಿಯಾಗಿ ಓದಿ, ಅದೇ ವೇಗದಲ್ಲಿ ಹೇಳಿ ನೋಡಬೇಕು. ಗಮನ ಸೋತಿದ್ದರೆ ಪ್ರಶ್ನೆಯನ್ನು ಮುಂಚಿತವಾಗಿ ಓದುವ ಅಭ್ಯಾಸ ಬೆಳೆಯಬೇಕು. ನನ್ನ ಸಹೋದ್ಯೋಗಿಗಳಲ್ಲಿ ಲಿಸನಿಂಗ್ ಅಂಕ ಬೇಗ ಏರಿದ್ದು ಹೆಚ್ಚು ಪರೀಕ್ಷೆ ಬರೆದವರದ್ದಲ್ಲ, ಒಂದೇ ಪರೀಕ್ಷೆಯನ್ನು ಹೀಗೆ ಬಿಡಿಸಿ ನೋಡಿದವರದ್ದು.

ಉತ್ತರಪಟ್ಟಿಯಲ್ಲಿಯೂ ಗಮನಿಸಬೇಕಾದ ಅಂಶವಿದೆ. ಆವರಣದೊಳಗೆ ಹಾಕಿರುವ ಪದ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಓರೆಗೆರೆಯ ಎರಡೂ ಬದಿಯ ಪದಗಳು ಒಪ್ಪಿತ. ಪರೀಕ್ಷಕರು ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದು ಇದರಿಂದ ತಿಳಿಯುತ್ತದೆ. ಐಇಎಲ್‌ಟಿಎಸ್ ಅಂಕವನ್ನು ಬ್ಯಾಂಡ್ ಎನ್ನುತ್ತಾರೆ, ಗರಿಷ್ಠ 9. ನಲವತ್ತು ಪ್ರಶ್ನೆಗಳಲ್ಲಿ ಸುಮಾರು 30 ಸರಿಯಾದರೆ ಲಿಸನಿಂಗ್‌ನಲ್ಲಿ 7 ಬ್ಯಾಂಡ್, ಸುಮಾರು 35 ಆದರೆ 8. ಅಕಾಡೆಮಿಕ್ ರೀಡಿಂಗ್‌ಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಜನರಲ್ ರೀಡಿಂಗ್‌ನ ಪಾಠಗಳು ಸುಲಭವಾಗಿರುವುದರಿಂದ ಅಲ್ಲಿ 7 ಬರಲು ಸುಮಾರು 34 ಬೇಕು. ಮೂವತ್ತು ಬಂತೆಂದು ತಂಗಿಯ ಮನೆಯಲ್ಲಿ ಸಮಾಧಾನಪಟ್ಟಾಗ ನಾನು ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಯಿತು, ಏಕೆಂದರೆ ಕೆನಡಾದ ಭಾಷಾಮಟ್ಟದ ಅಳತೆಯಾದ ಸಿಎಲ್‌ಬಿಯಲ್ಲಿ 9 ಮುಟ್ಟಲು ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲೂ 7 ಬೇಕು.

ರೀಡಿಂಗ್ ಭಾಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪಾಠಗಳ ಗುಣಮಟ್ಟ ಉತ್ತಮವಾಗಿದೆ, ಹಳೆಯ ಸಂಪುಟಗಳ ಪಾಠಗಳೂ ಇಂದಿಗೂ ಸಲ್ಲುತ್ತವೆ. ಒಂದು ಹೇಳಿಕೆ ಪಾಠದ ಪ್ರಕಾರ ಸರಿಯೋ, ತಪ್ಪೋ, ಪಾಠದಲ್ಲಿ ಹೇಳಿಯೇ ಇಲ್ಲವೋ ಎಂದು ಗುರುತಿಸುವ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳ ಸೂಕ್ಷ್ಮತೆಯನ್ನು ಈ ಮಾಲೆಯಷ್ಟು ಪ್ರಾಮಾಣಿಕವಾಗಿ ಅಭ್ಯಾಸ ಮಾಡಿಸುವ ಬೇರೆ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಬೇರೆ ಪ್ರಕಾಶನಗಳ ಅಭ್ಯಾಸ ಪುಸ್ತಕಗಳಲ್ಲಿ ಪಾಠ ಒಂದು ಸಂಗತಿಯನ್ನು ಅಲ್ಲಗಳೆಯುವುದಕ್ಕೂ ಆ ಸಂಗತಿಯ ಬಗ್ಗೆ ಏನನ್ನೂ ಹೇಳದಿರುವುದಕ್ಕೂ ಇರುವ ಗೆರೆ ಎಷ್ಟೋ ಸಲ ಮಸುಕಾಗಿರುತ್ತದೆ, ಅಂಥವುಗಳಿಂದ ಅಭ್ಯಾಸ ಮಾಡಿದವರು ಸರಿಯಾದ ತರ್ಕವನ್ನೂ ಅನುಮಾನಿಸತೊಡಗುತ್ತಾರೆ. ಕೊರತೆಯೆಂದರೆ ಮುದ್ರಿತ ಪುಸ್ತಕದ ಉತ್ತರಪಟ್ಟಿ ಉತ್ತರವನ್ನಷ್ಟೇ ಕೊಡುತ್ತದೆ, ಕಾರಣವನ್ನು ನಾವೇ ಪಾಠದಲ್ಲಿ ಹುಡುಕಿಕೊಳ್ಳಬೇಕು. ಒಬ್ಬರೇ ಓದುವವರಿಗೆ ಇದು ಕಷ್ಟ, ಇಬ್ಬರು ಕೂಡಿ ಓದಿದರೆ ಆ ಹುಡುಕಾಟವೇ ಒಳ್ಳೆಯ ಪಾಠವಾಗುತ್ತದೆ.

ರೈಟಿಂಗ್ ಭಾಗವೇ ನಮ್ಮ ನರ್ಸ್‌ಗಳಿಗೆ ದೊಡ್ಡ ಅಡ್ಡಿ. ಬ್ರಿಟನ್ನಿನ ಕೌನ್ಸಿಲ್ ಉಳಿದ ಮೂರು ಭಾಗಗಳಿಗೆ 7 ಕೇಳುತ್ತದೆ. ರೈಟಿಂಗ್‌ಗೂ ಮೊದಲು 7 ಇದ್ದದ್ದನ್ನು 2018ರ ಡಿಸೆಂಬರ್‌ನಲ್ಲಿ 6.5ಕ್ಕೆ ಇಳಿಸಿತು. ಹಾಗಿದ್ದೂ ಹಲವರು ನಿಂತುಹೋಗುವುದು ಇಲ್ಲಿಯೇ. ಪುಸ್ತಕದ ಹಿಂದಿನ ಪುಟಗಳಲ್ಲಿ ನಿಜವಾದ ಅಭ್ಯರ್ಥಿಗಳು ಬರೆದ ಉತ್ತರಗಳನ್ನು ಅವರ ತಪ್ಪುಗಳ ಸಮೇತ ಮುದ್ರಿಸಿ, ಅವಕ್ಕೆ ಬಂದ ಬ್ಯಾಂಡ್ ಮತ್ತು ಪರೀಕ್ಷಕರ ಅಭಿಪ್ರಾಯವನ್ನು ಕೊಟ್ಟಿರುತ್ತಾರೆ. ನನ್ನ ಮಟ್ಟಿಗೆ ಇಡೀ ಮಾಲೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಪುಟಗಳಿಲ್ಲ. ಅತ್ಯುತ್ತಮ ಮಾದರಿ ಉತ್ತರ ಎಲ್ಲಿ ಬೇಕಾದರೂ ಸಿಗುತ್ತದೆ. 5.5 ಬಂದ ಬರಹ ಏಕೆ 5.5ರಲ್ಲಿ ನಿಂತಿತು ಎಂದು ಪರೀಕ್ಷಕರೇ ಹೇಳುವ ಮಾತು ಸುಲಭಕ್ಕೆ ಸಿಗುವುದಿಲ್ಲ. ನಾವು ಬ್ಯಾಂಡ್ ಅಂಕಿಯ ಮೇಲೆ ಚೀಟಿ ಅಂಟಿಸಿ, ಬರಹವನ್ನು ಓದಿ, ನಾವೇ ಅಂಕ ಹಾಕಿ, ಆಮೇಲೆ ಚೀಟಿ ತೆಗೆದು ಅಭಿಪ್ರಾಯ ಓದುತ್ತಿದ್ದೆವು. ಮೊದಮೊದಲು ನಮ್ಮ ಅಂಕ ಯಾವಾಗಲೂ ಹೆಚ್ಚೇ ಆಗುತ್ತಿತ್ತು. ಕಠಿಣ ಪದಗಳನ್ನು ಕಂಡು ನಾವು ಮೆಚ್ಚಿದ ಬರಹದಲ್ಲಿ, ಗ್ರಾಫಿನ ಒಟ್ಟು ಚಿತ್ರಣವನ್ನೇ ಹೇಳದೆ ಅಂಕಿಗಳನ್ನು ಒಂದರ ಹಿಂದೊಂದು ಜೋಡಿಸಿದ್ದನ್ನು ಪರೀಕ್ಷಕರು ಗುರುತಿಸಿರುತ್ತಿದ್ದರು.

ಪ್ರಬಂಧದ ವಿಷಯದಲ್ಲಿ ನಮಗೆ ಶಾಲೆಯಲ್ಲಿ ಕಲಿಸಿದ ಕ್ರಮವೇ ಅಡ್ಡ ಬರುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಬರೆದು ಬಂದವರು ತಮ್ಮ ನಿಲುವನ್ನು ಉಪಸಂಹಾರದವರೆಗೆ ಕಾಯ್ದಿಟ್ಟುಕೊಳ್ಳುತ್ತಾರೆ. ಐಇಎಲ್‌ಟಿಎಸ್‌ನ ರೈಟಿಂಗ್ ಭಾಗದ ಎರಡನೆಯ ಪ್ರಶ್ನೆಯಾದ ಪ್ರಬಂಧ ನಿಮ್ಮ ಅಭಿಪ್ರಾಯ ಕೇಳಿದಾಗ ಅದು ಮೊದಲಿನಿಂದ ಕೊನೆಯವರೆಗೂ ಸ್ಪಷ್ಟವಾಗಿರಬೇಕು. ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿಸುವ ಸಿದ್ಧ ಸಾಲುಗಳಿಂದ, ಅಂದರೆ ಇಂದಿನ ಆಧುನಿಕ ಯುಗದಲ್ಲಿ ಎಂದು ಶುರುವಾಗುವ ಪೀಠಿಕೆಯಿಂದ, ಅಂಕವೇನೂ ಬರುವುದಿಲ್ಲ. ನರ್ಸ್‌ಗಳಿಗೆ ಇನ್ನೊಂದು ತೊಡಕಿದೆ. ವಾರ್ಡಿನ ನೋಟ್ಸ್‌ನಲ್ಲಿ 'ಪೇಷಂಟ್ ಕಾನ್ಷಿಯಸ್, ಇಂಜೆಕ್ಷನ್ ಗಿವನ್' ಎಂದು ಬರೆದು ಬರೆದು, ವಾಕ್ಯದಲ್ಲಿ 'ಎ', 'ದಿ' ಮತ್ತು ಕ್ರಿಯಾಪದಗಳನ್ನು ಬಿಡುವುದು ಕೈಗೆ ರೂಢಿಯಾಗಿರುತ್ತದೆ. ಕನ್ನಡದಲ್ಲಿ ಆರ್ಟಿಕಲ್‌ಗಳೇ ಇಲ್ಲದಿರುವುದು ಅದಕ್ಕೆ ಸೇರಿಕೊಳ್ಳುತ್ತದೆ. ರೈಟಿಂಗ್ ಅಳೆಯುವ, ವ್ಯಾಕರಣವೂ ಸೇರಿದ ನಾಲ್ಕು ಮಾನದಂಡಗಳಿಗೆ ಸಮನಾಗಿ ಅಂಕ ಹಂಚಿರುವುದರಿಂದ ವ್ಯಾಕರಣದ ಈ ಒಂದು ದೋಷ ಬೇರೆಲ್ಲ ಚೆನ್ನಾಗಿದ್ದರೂ ಅರ್ಧ ಬ್ಯಾಂಡನ್ನು ಎಳೆದು ಕೆಳಗಿಡಬಲ್ಲದು. ಪುಸ್ತಕ ಇದನ್ನು ಬೇರೆಯವರ ಬರಹದಲ್ಲಿ ತೋರಿಸುತ್ತದೆಯೇ ಹೊರತು ನಿಮ್ಮ ಬರಹವನ್ನು ತಿದ್ದುವುದಿಲ್ಲ. ಇಂಗ್ಲಿಷ್ ಬಲ್ಲ ಒಬ್ಬರಿಂದ ತಿದ್ದಿಸಿಕೊಳ್ಳದೆ ರೈಟಿಂಗ್‌ನಲ್ಲಿ ಮುಂದೆ ಹೋಗುವುದು ಕಷ್ಟ. ನನ್ನ ದೃಷ್ಟಿಯಲ್ಲಿ ಹಣ ಖರ್ಚು ಮಾಡಬೇಕಾದ ಜಾಗ ಅದು.

ಸ್ಪೀಕಿಂಗ್‌ಗೆ ಪುಸ್ತಕದಿಂದ ಸಿಗುವುದು ಪ್ರಶ್ನೆಗಳಷ್ಟೇ. ಹನ್ನೊಂದರಿಂದ ಹದಿನಾಲ್ಕು ನಿಮಿಷದ ಆ ಮಾತುಕತೆಗೆ ಎದುರಿಗೊಬ್ಬರು ಕುಳಿತಿರಲೇಬೇಕು. ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು ಕೇಳಿದರೆ 'ಎವೆರಿ' ಎಂಬುದಕ್ಕೆ ನಾವು 'ಯೆವೆರಿ' ಎನ್ನುವುದು, 'ಓನ್ಲಿ'ಗೆ 'ವೋನ್ಲಿ' ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಉಚ್ಚಾರದ ಛಾಯೆಗೆ ಅಂಕ ಕಡಿಮೆಯಾಗುವುದಿಲ್ಲ, ಕೇಳುವವರಿಗೆ ಅರ್ಥವಾಗಲು ತೊಡಕಾದರೆ ಮಾತ್ರ ಆಗುತ್ತದೆ. ಆದ್ದರಿಂದ ವಿದೇಶಿ ಧಾಟಿಯನ್ನು ಅನುಕರಿಸುವ ಶ್ರಮ ವ್ಯರ್ಥ.

ಒಂದು ಎಚ್ಚರಿಕೆಯನ್ನು ಖಂಡಿತ ಹೇಳಬೇಕು. ಪುಸ್ತಕ ಕಾಗದದ್ದು, ಪರೀಕ್ಷೆಯನ್ನು ಈಗ ಹೆಚ್ಚಿನವರು ಕಂಪ್ಯೂಟರ್‌ನಲ್ಲಿ ಬರೆಯುತ್ತಾರೆ. ಕಾಗದದ ಪರೀಕ್ಷೆಯಲ್ಲಿ ಲಿಸನಿಂಗ್ ಮುಗಿದ ಮೇಲೆ ಉತ್ತರ ವರ್ಗಾಯಿಸಲು ಹತ್ತು ನಿಮಿಷ ಸಿಗುತ್ತದೆ, ಕಂಪ್ಯೂಟರ್‌ನಲ್ಲಿ ಪರಿಶೀಲನೆಗೆ ಎರಡೇ ನಿಮಿಷ. ಕಂಪ್ಯೂಟರ್ ಪರೀಕ್ಷೆಗೆ ಹೆಸರು ನೋಂದಾಯಿಸಿದವರು ಮನೆಯಲ್ಲಿ ಆ ಹತ್ತು ನಿಮಿಷ ತೆಗೆದುಕೊಂಡು ಅಭ್ಯಾಸ ಮಾಡಬಾರದು, ಪ್ರಬಂಧವನ್ನೂ ಟೈಪ್ ಮಾಡಿಯೇ ಬರೆಯಬೇಕು. ಪರೀಕ್ಷೆ ನಡೆಸುವ ಸಂಸ್ಥೆಗಳ ತಾಣಗಳಲ್ಲಿ ಕಂಪ್ಯೂಟರ್ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ, ತೆರೆಯ ಪರಿಚಯಕ್ಕೆ ಅಷ್ಟು ಸಾಕು. 2020ರಿಂದ ಲಿಸನಿಂಗ್ ಆರಂಭದ ಉದಾಹರಣೆ ಪ್ರಶ್ನೆಯನ್ನೂ ತೆಗೆದಿದ್ದಾರೆ, ಹಳೆಯ ಸಂಪುಟ ಬಳಸುವವರು ಇದನ್ನು ನೆನಪಿಡಬೇಕು.

ಕೋಚಿಂಗ್ ಕೇಂದ್ರಗಳ ಸುತ್ತಮುತ್ತ ಸಿಗುವ ಝೆರಾಕ್ಸ್ ಪ್ರತಿಗಳನ್ನು ದಯವಿಟ್ಟು ಕೊಳ್ಳಬೇಡಿ. ಗ್ರಾಫಿನ ಗೆರೆಗಳು ಒಂದೇ ಕಪ್ಪಾಗಿ ಯಾವುದು ಯಾವ ದೇಶದ್ದೆಂದು ತಿಳಿಯುವುದಿಲ್ಲ. ನಾನು ನೋಡಿದ ಕೆಲವು ಪ್ರತಿಗಳಲ್ಲಂತೂ ನಾನು ಇಷ್ಟು ಹೊಗಳಿದ ಹಿಂದಿನ ಪುಟಗಳೇ ಇರಲಿಲ್ಲ. ಹದಿನೈದು ಸಾವಿರ ರೂಪಾಯಿ ಮೀರಿದ ಪರೀಕ್ಷಾ ಶುಲ್ಕದ ಮುಂದೆ ಅಸಲಿ ಪುಸ್ತಕದ ಬೆಲೆ ದೊಡ್ಡದಲ್ಲ, ಸ್ನೇಹಿತರು ಹಂಚಿಕೊಂಡರೆ ಇನ್ನೂ ಹಗುರ.

ಎಷ್ಟು ಸಂಪುಟ ಬೇಕು ಎಂದು ಕೇಳುವವರಿಗೆ ಈಚಿನ ಮೂರು ಸಾಕೆಂದು ಹೇಳುತ್ತೇನೆ. ಎರಡನ್ನು ಮೇಲೆ ಹೇಳಿದಂತೆ ಬಿಡಿಸಿ ಓದಬೇಕು. ಮೂರನೆಯದನ್ನು ಮುಟ್ಟದೆ ಇಟ್ಟುಕೊಂಡು, ಪರೀಕ್ಷೆಯ ದಿನಾಂಕ ಗೊತ್ತುಮಾಡುವ ಮೊದಲು ಅದರಲ್ಲಿ ಎರಡು ಪರೀಕ್ಷೆಗಳನ್ನು ಪೂರ್ತಿ ಸಮಯ ಹಿಡಿದು ಬರೆದು ನೋಡಬೇಕು. ಬೇಕಾದ ಅಂಕಕ್ಕಿಂತ ಅರ್ಧ ಬ್ಯಾಂಡ್ ಹೆಚ್ಚು ಬಂದರೆ ಹಣ ಕಟ್ಟಬಹುದು. ಒಂದೇ ಭಾಗದಲ್ಲಿ ಎಡವಿದವರಿಗೆ ಅರವತ್ತು ದಿನಗಳೊಳಗೆ ಆ ಭಾಗವನ್ನಷ್ಟೇ ಮತ್ತೆ ಬರೆಯುವ ಅವಕಾಶ ಈಗ ಭಾರತದಲ್ಲಿಯೂ ಇದೆ, ಕಂಪ್ಯೂಟರ್ ಪರೀಕ್ಷೆ ಬರೆದವರಿಗೆ. ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲವಾದ್ದರಿಂದ ಅಂಕ ಸಲ್ಲಿಸಬೇಕಾದ ಕಡೆ ಮೊದಲೇ ವಿಚಾರಿಸಿಕೊಳ್ಳಿ, ಮೂರನೆಯ ಸಂಪುಟದಲ್ಲಿ ಉಳಿದ ಎರಡು ಪರೀಕ್ಷೆಗಳನ್ನು ಆ ಅರವತ್ತು ದಿನಗಳಿಗಾಗಿ ಉಳಿಸಿಕೊಳ್ಳಿ.