ಸಿಂಗಾಪುರ ಕ್ರೂಸ್‌ನ ಡ್ರಿಂಕ್ಸ್ ಪ್ಯಾಕೇಜ್: ಯಾರಿಗೆ ಲಾಭ, ಯಾರಿಗೆ ನಷ್ಟ

ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿಯ ಹಡಗುಗಳಲ್ಲಿ, ದಿನಕ್ಕೆ ಇಷ್ಟು ಎಂದು ಒಟ್ಟಿಗೆ ಕಟ್ಟಿ ಬೇಕಾದಷ್ಟು ಡ್ರಿಂಕ್ ತರಿಸಿಕೊಳ್ಳುವ ‘ಡೀಲಕ್ಸ್ ಬೆವರೇಜ್ ಪ್ಯಾಕೇಜ್’ ಕುರಿತ ವಿಮರ್ಶೆ ಇದು. ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ಪೆನಾಂಗ್, ಫುಕೆಟ್ ಕಡೆ ಮೂರು-ನಾಲ್ಕು ರಾತ್ರಿಯ ಕ್ರೂಸ್ ಹತ್ತುವವರಿಗಾಗಿ ಬರೆದದ್ದು. ತೀರ್ಪು ಮೊದಲೇ ಹೇಳಿಬಿಡೋಣ: ಗಂಡ-ಹೆಂಡತಿ ಇಬ್ಬರೂ ದಿನಕ್ಕೆ ಐದಾರು ಕಾಕ್‌ಟೇಲ್ ತೆಗೆದುಕೊಳ್ಳುವವರಾದರೆ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇಬ್ಬರಲ್ಲಿ ಒಬ್ಬರೇ ಕುಡಿಯುವುದಾದರೆ ಕೊಳ್ಳಬೇಡಿ.

ಕಾರಣ ಒಂದೇ ನಿಯಮ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಈ ಪ್ಯಾಕೇಜ್ ಕೊಂಡರೆ, ಅದೇ ಕ್ಯಾಬಿನ್ನಿನಲ್ಲಿರುವ, ಕುಡಿಯುವ ವಯಸ್ಸಾದ ಎಲ್ಲರೂ ಕೊಳ್ಳಬೇಕು. ಸಿಂಗಾಪುರದಿಂದ ಹೊರಡುವ ಹಡಗಿನಲ್ಲಿ ಆ ವಯಸ್ಸು 18. ಅಪ್ಪ-ಅಮ್ಮನ ಜೊತೆ ಒಂದೇ ಕ್ಯಾಬಿನ್ನಿನಲ್ಲಿ ಮಲಗುವ ಕಾಲೇಜು ಹುಡುಗನೂ ಲೆಕ್ಕಕ್ಕೆ ಬರುತ್ತಾನೆ. ಇಡೀ ಪ್ರಯಾಣಕ್ಕೇ ಕೊಳ್ಳಬೇಕು, ‘ಸಮುದ್ರದಲ್ಲೇ ಇರುವ ದಿನಕ್ಕೆ ಮಾತ್ರ ಸಾಕು’ ಎಂದರೆ ನಡೆಯುವುದಿಲ್ಲ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುವವರು ಮೊದಲೇ ಕಂಪನಿಗೆ ತಿಳಿಸಿದರೆ ಅವರಿಗೆ ಮದ್ಯವಿಲ್ಲದ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಸಾಕೆಂದು ಒಪ್ಪುವುದುಂಟು. ಅದು ಕಂಪನಿಯ ಮರ್ಜಿ, ಹಕ್ಕಿನಿಂದ ಕೇಳುವಂಥದ್ದಲ್ಲ.

ಈಗ ಲೆಕ್ಕ. ಪ್ಯಾಕೇಜಿಗೆ ನಿಗದಿತ ಬೆಲೆಯಿಲ್ಲ. ಹಡಗು, ತಾರೀಕು, ಬೇಡಿಕೆ ನೋಡಿಕೊಂಡು ಬದಲಾಗುತ್ತಿರುತ್ತದೆ. ಉದಾಹರಣೆಗೆ ವೆಬ್‌ಸೈಟಿನಲ್ಲಿ ದಿನಕ್ಕೆ 70 ಅಮೆರಿಕನ್ ಡಾಲರ್ ಕಾಣಿಸಿತು ಅನ್ನಿ. ಅದರ ಮೇಲೆ ಶೇ. 18 ಗ್ರಾಚ್ಯುಟಿ (ಬಿಲ್ಲಿಗೇ ಸೇರಿಸುವ ಟಿಪ್ಸ್) ಸೇರಿ 82.60 ಆಗುತ್ತದೆ. ನಾಲ್ಕು ರಾತ್ರಿಗೆ ತಲೆಗೆ 330.40, ಇಬ್ಬರಿಗೆ 660.80 ಡಾಲರ್. ಬಿಡಿಯಾಗಿ ಕೊಂಡರೆ 14 ಡಾಲರಿನ ಕಾಕ್‌ಟೇಲ್ ಗ್ರಾಚ್ಯುಟಿ ಸೇರಿ 16.52, 8 ಡಾಲರಿನ ಬಿಯರ್ 9.44. ಅಂದರೆ ಪ್ಯಾಕೇಜ್ ಸರಿದೂಗಬೇಕಾದರೆ ಒಬ್ಬೊಬ್ಬರೂ ದಿನಾ ಐದು ಕಾಕ್‌ಟೇಲ್ ಕುಡಿಯಬೇಕು, ಬಿಯರ್ ಆದರೆ ಒಂಬತ್ತು. ಒಬ್ಬರೇ ಕುಡಿಯುವ ದಂಪತಿಯಾದರೆ ಆ ಒಬ್ಬರು ದಿನಕ್ಕೆ ಹತ್ತು ಕಾಕ್‌ಟೇಲ್ ಇಳಿಸಬೇಕು. ಅಷ್ಟು ಕುಡಿಯುವುದು ಆರೋಗ್ಯಕ್ಕೂ ಸಲ್ಲದು, ರಜೆಗೂ ಸಲ್ಲದು. ಅದೇ ವ್ಯಕ್ತಿ ದಿನಕ್ಕೆ ಎರಡು ಬಿಯರ್, ಒಂದು ಕಾಕ್‌ಟೇಲ್ ಬಿಡಿಯಾಗಿ ತೆಗೆದುಕೊಂಡರೆ 35.40, ನಾಲ್ಕು ದಿನಕ್ಕೆ 141.60. ವ್ಯತ್ಯಾಸ 500 ಡಾಲರಿಗೂ ಮೇಲೆ.

ಲೆಕ್ಕ ಹಾಕುವಾಗ ಬಹಳ ಜನ ಮರೆಯುವುದು ಬಂದರಿನ ದಿನವನ್ನು. ಫುಕೆಟ್‌ನಲ್ಲಿ ಬೆಳಿಗ್ಗೆ ಇಳಿದು ಸಂಜೆ ವಾಪಸ್ ಬಂದರೆ ಏಳೆಂಟು ಗಂಟೆ ಹಡಗಿನ ಬಾರ್ ಕಡೆ ಸುಳಿದಿರುವುದಿಲ್ಲ, ಆದರೆ ಆ ದಿನದ ಪೂರ್ತಿ ದುಡ್ಡು ಕೊಟ್ಟಾಗಿರುತ್ತದೆ. ಮೊದಲ ದಿನ ಬೇಗ ಹತ್ತಿದವರಿಗೆ ಲಾಭ: ಮಧ್ಯಾಹ್ನ ಹಡಗಿಗೆ ಕಾಲಿಟ್ಟ ಹೊತ್ತಿನಿಂದಲೇ ಪ್ಯಾಕೇಜ್ ಶುರು.

ಪ್ಯಾಕೇಜಿನ ಒಳಗೆ ಬರುವುದು ಕಡಿಮೆಯೇನಲ್ಲ. 14 ಡಾಲರ್‌ವರೆಗಿನ ಬಿಯರ್, ವೈನ್, ಕಾಕ್‌ಟೇಲ್, ಸ್ಪಿರಿಟ್ಸ್, ಜೊತೆಗೆ ಬಾಟಲಿ ನೀರು, ಸೋಡಾ, ಎಸ್‌ಪ್ರೆಸೊ ತರಹದ ಕಾಫಿ, ಆಗಷ್ಟೇ ಹಿಂಡಿದ ಹಣ್ಣಿನ ರಸ. 16 ಡಾಲರಿನ ವಿಸ್ಕಿ ಕೇಳಿದರೆ ಹೆಚ್ಚುವರಿ 2 ಡಾಲರ್ ಮತ್ತು ಅದರ ಗ್ರಾಚ್ಯುಟಿ ಮಾತ್ರ ಕಟ್ಟಬೇಕು. ಕ್ಯಾಬಿನ್ನಿನ ಮಿನಿಬಾರ್, ರೂಮ್ ಸರ್ವಿಸ್, ಸ್ಟಾರ್‌ಬಕ್ಸ್ ಕೌಂಟರ್ ಹೊರಗೆ. ಒಮ್ಮೆಗೆ ಒಂದೇ ಡ್ರಿಂಕ್. ಪಕ್ಕದವರಿಗೆ ಹಂಚಿ ಸಿಕ್ಕಿಬಿದ್ದರೆ ಪ್ಯಾಕೇಜ್ ರದ್ದು, ದುಡ್ಡು ವಾಪಸ್ ಇಲ್ಲ. ವಿಸ್ಕಿ ಪ್ರಿಯರಿಗೆ ಒಂದು ಮಾತು: ನಮ್ಮ 60 ಮಿ.ಲೀ. ಲಾರ್ಜ್ ಎಂದುಕೊಂಡು ಲೆಕ್ಕ ಹಾಕಬೇಡಿ. ಅಮೆರಿಕದ ಬಾರ್‌ಗಳ ವಾಡಿಕೆಯ ಅಳತೆ ಒಂದೂವರೆ ಔನ್ಸ್, ಸುಮಾರು 44 ಮಿ.ಲೀ.

ಇಷ್ಟಾದರೂ ಕೊಳ್ಳುವವರಿದ್ದರೆ ಹಡಗು ಹತ್ತಿದ ಮೇಲೆ ಕೊಳ್ಳಬೇಡಿ, ಅಲ್ಲಿ ಸಾಮಾನ್ಯವಾಗಿ ಬೆಲೆ ಜಾಸ್ತಿ. ಏಜೆಂಟರ ಮೂಲಕ ಬುಕ್ ಮಾಡಿದ್ದರೂ ಬುಕಿಂಗ್ ನಂಬರನ್ನು ಕಂಪನಿಯ ವೆಬ್‌ಸೈಟಿನ ನಿಮ್ಮ ಖಾತೆಗೆ ಸೇರಿಸಿಕೊಳ್ಳಿ, ‘ಕ್ರೂಸ್ ಪ್ಲಾನರ್’ ಪುಟದಲ್ಲಿ ನಿಮ್ಮ ಪ್ರಯಾಣದ ಬೆಲೆ ಕಾಣುತ್ತದೆ. ಸುಮಾರಾದ ಬೆಲೆ ಕಂಡಾಗ ಕೊಂಡಿಟ್ಟು, ಮುಂದೆ ಇಳಿದರೆ ರದ್ದು ಮಾಡಿ ಮತ್ತೆ ಕೊಳ್ಳಬಹುದು. ಹೊರಡುವ ಮೊದಲು ರದ್ದಾದರೆ ಸಾಮಾನ್ಯವಾಗಿ ಪೂರ್ತಿ ಹಣ ವಾಪಸ್. ಆದರೆ ಭಾರತದ ಕಾರ್ಡಿನಲ್ಲಿ ಒಂದು ತೊಡಕಿದೆ. ಡಾಲರ್ ವಹಿವಾಟಿಗೆ ಬ್ಯಾಂಕು ಹಾಕುವ ಹೆಚ್ಚುವರಿ ಶುಲ್ಕ, ಅಂದರೆ ಮಾರ್ಕಪ್, ಬಹಳಷ್ಟು ಕಾರ್ಡುಗಳಲ್ಲಿ ಶೇ. 2ರಿಂದ 3.5, ಅದರ ಮೇಲೆ ಜಿಎಸ್‌ಟಿ. ರೀಫಂಡ್ ಬಂದಾಗ ಈ ಮಾರ್ಕಪ್ ಹಿಂತಿರುಗದೇ ಹೋಗಬಹುದು. 660 ಡಾಲರಿಗೆ ಶೇ. 3.5ರ ಲೆಕ್ಕದಲ್ಲಿ ಜಿಎಸ್‌ಟಿಯೂ ಸೇರಿ ಅದು ಸುಮಾರು 27 ಡಾಲರ್. ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಮಾತ್ರ ರದ್ದು ಮಾಡಿ.

ಪ್ಯಾಕೇಜ್ ಬೇಡ ಅನ್ನುವವರಿಗೆ ಒಳ್ಳೆಯ ದಾರಿ ವೈನ್. ಹತ್ತುವ ದಿನ ಕುಡಿಯುವ ವಯಸ್ಸಿನ ಪ್ರತಿಯೊಬ್ಬರೂ 750 ಮಿ.ಲೀ.ನ ಒಂದು ವೈನ್ ಬಾಟಲಿ ಒಯ್ಯಬಹುದು. ಕ್ಯಾಬಿನ್ನಿನಲ್ಲಿ ಕುಡಿದರೆ ಶುಲ್ಕವಿಲ್ಲ, ಡೈನಿಂಗ್ ಹಾಲಿನಲ್ಲಿ ತೆರೆದರೆ ಬಾಟಲಿಗೆ 15 ಡಾಲರ್ ಕಾರ್ಕೇಜ್, ಅಂದರೆ ತೆರೆದು ಬಡಿಸುವ ಶುಲ್ಕ. ಸಿಂಗಾಪುರದಲ್ಲಿ ಮದ್ಯದ ಸುಂಕ ಜಾಸ್ತಿ, ಹಾಗಾಗಿ ಊರಿಂದಲೇ ಒಯ್ಯುವುದು ಲೇಸು. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿಯ ಗ್ರೋವರ್ ಝಂಪಾ ಕ್ಯಾಬರ್ನೆ-ಶಿರಾಜ್ ಹಡಗಿನ ಊಟಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಭಾರತದಿಂದ ಹೋಗುವ ವಯಸ್ಕರಿಗೆ ಸಿಂಗಾಪುರ 2 ಲೀಟರ್‌ವರೆಗೆ ವೈನ್ ಸುಂಕವಿಲ್ಲದೆ ಬಿಡುತ್ತದೆ.

ಎಡವಟ್ಟಾಗುವುದು ಚೀಲ ಬದಲಿಸುವಲ್ಲಿ. ವಿಮಾನದಲ್ಲಿ ಬಾಟಲಿ ಚೆಕ್-ಇನ್ ಸೂಟ್‌ಕೇಸಿನಲ್ಲಿರಬೇಕು, ಹಡಗಿಗೆ ಹತ್ತುವಾಗ ಕೈಚೀಲದಲ್ಲಿರಬೇಕು. ಹಡಗು ಹತ್ತುವ ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಸೂಟ್‌ಕೇಸನ್ನು ಹಾಗೆಯೇ ಪೋರ್ಟರ್ ಕೈಗೆ ಕೊಟ್ಟರೆ ಸ್ಕ್ಯಾನರಿನಲ್ಲಿ ಬಾಟಲಿ ಕಂಡು ಪೆಟ್ಟಿಗೆಯೇ ತಡೆಯಾಗುತ್ತದೆ, ಸಂಜೆ ಬಟ್ಟೆಗೂ ಕಾಯಬೇಕು. ಹಿಂದಿನ ರಾತ್ರಿ ಹೋಟೆಲಿನಲ್ಲೇ ಬಾಟಲಿ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಿ. ವಿಸ್ಕಿ, ರಮ್, ಬಿಯರ್ ತರುವಂತಿಲ್ಲ. ಹತ್ತುವಾಗ ಸಿಕ್ಕಿದ ಸ್ಪಿರಿಟ್ಸ್ ವಾಪಸ್ ಸಿಗುವ ಭರವಸೆಯೂ ಇಲ್ಲ. ಶಾಂಪೂ ಡಬ್ಬಿಯಲ್ಲಿ ತುಂಬಿಕೊಂಡು ಹೋಗುವ ಉಪಾಯಗಳನ್ನು ನಂಬಬೇಡಿ. ಹಡಗಿನ ಅಂಗಡಿಯಲ್ಲೋ ದಾರಿಯ ಬಂದರಿನಲ್ಲೋ ಕೊಂಡ ಬಾಟಲಿಯನ್ನು ಹಡಗಿನವರೇ ಇಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಸುಂಕವಿಲ್ಲದೆ ಊರಿಗೆ ತರಲು 2 ಲೀಟರ್ ಮಿತಿ ನೆನಪಿರಲಿ.

ರಾತ್ರಿಯ ಊಟಕ್ಕೆ ಗ್ಲಾಸು ಗ್ಲಾಸಾಗಿ ತರಿಸುವ ಬದಲು ಇಬ್ಬರೂ ಸೇರಿ ಒಂದು ಬಾಟಲಿ ಕೊಂಡರೆ ಅಗ್ಗ. ಐದು ಗ್ಲಾಸು ಬರುತ್ತದೆ, ಉಳಿದದ್ದನ್ನು ಕ್ಯಾಬಿನ್ ನಂಬರ್ ಬರೆದಿಟ್ಟು ಮರುದಿನ ತಂದುಕೊಡುತ್ತಾರೆ. ಕುಡಿಯದವರು ರಿಫ್ರೆಶ್‌ಮೆಂಟ್ ಪ್ಯಾಕೇಜ್ ಕೊಳ್ಳುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ನೀರು, ಚಹಾ, ಮಾಮೂಲಿ ಕಾಫಿ, ಲೆಮನೇಡ್, ಐಸ್ ಟೀ, ಬೆಳಗಿನ ಜ್ಯೂಸ್ ಬಫೆಯಲ್ಲಿ ಉಚಿತ.

ಡ್ರಿಂಕ್ ಬಿಡಿಯಾಗಿ ಕೊಂಡಾಗ ಸಹಿಗೆ ತರುವ ಬಿಲ್ ಚೀಟಿಯನ್ನು ಓದಿಯೇ ಸಹಿ ಮಾಡಿ. ಶೇ. 18 ಆಗಲೇ ಸೇರಿರುತ್ತದೆ, ಅದರ ಕೆಳಗಿನ ಖಾಲಿ ಗೆರೆ ಹೆಚ್ಚುವರಿ ಟಿಪ್ಸಿಗೆ. ಗೊತ್ತಿಲ್ಲದೆ ಅಲ್ಲೂ ಬರೆದರೆ ಎರಡು ಸಲ ಕೊಟ್ಟಂತೆ. ಹಡಗಿನ ಖರ್ಚೆಲ್ಲ ಸೇರುವ ಸೀಪಾಸ್ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ, ಹಡಗಿನವರು ತಡೆಹಿಡಿಯುವ ಮೊತ್ತ ನಿಮ್ಮ ಉಳಿತಾಯ ಖಾತೆಯಿಂದ ಹೋಗಿ ಬಿಡುಗಡೆಯಾಗಲು ದಿನಗಳು ಹಿಡಿಯುತ್ತವೆ. ಮಕ್ಕಳ ಸೀಪಾಸ್ ಕಾರ್ಡಿನಲ್ಲಿ ಖರೀದಿಯನ್ನು ಹಡಗಿನ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಹೇಳಿ ಬಂದ್ ಮಾಡಿಸಿ. ದಿನಾ ರಾತ್ರಿ ಕಂಪನಿಯ ಆ್ಯಪಿನಲ್ಲಿ ಖರ್ಚು ನೋಡಿ. ತಪ್ಪು ಬಿಲ್ ಕಂಡರೆ ಅವತ್ತೇ ಕೌಂಟರಿಗೆ ಹೋಗಿ, ಏಕೆಂದರೆ ಇಳಿಯುವ ದಿನ ಬೆಳಿಗ್ಗೆ ಅಲ್ಲಿ ಉದ್ದನೆಯ ಸಾಲು ಇರುತ್ತದೆ, ನಿಮಗೆ ವಿಮಾನದ ಗಡಿಬಿಡಿ ಬೇರೆ.