ಮನೆಯ ಹಿಟ್ಟಿನ ಗಿರಣಿ: ಮೂರು ವರ್ಷದ ಬಳಕೆ, ಒಂದು ಕಜ್ಜಾಯದ ಮುನಿಸು

2022ರ ದಸರಾ ರಿಯಾಯಿತಿಯಲ್ಲಿ ಮೈಸೂರಿನ ಅಂಗಡಿಯೊಂದರಿಂದ 17,500 ರೂಪಾಯಿ ಕೊಟ್ಟು ಮನೆಬಳಕೆಯ ಹಿಟ್ಟಿನ ಗಿರಣಿಯೊಂದನ್ನು ಮಂಡ್ಯದ ನಮ್ಮ ಮನೆಗೆ ತಂದೆವು. ಒಂದು ಅಶ್ವಶಕ್ತಿಯ ಮೋಟಾರು, ಚಕ್ರದ ಮೇಲೆ ನಿಂತ ಪುಟ್ಟ ಕಪಾಟಿನಂಥ ಮೈ, ಮೇಲೆ ಕಾಳು ಸುರಿಯುವ ಬಾಯಿ, ಕೆಳಗೆ ಹಿಟ್ಟು ಬೀಳುವ ಸ್ಟೀಲಿನ ಡಬ್ಬ: ಇಷ್ಟನ್ನು ನೀವು ಅಂಗಡಿಗಳಲ್ಲಿ ನೋಡಿಯೇ ಇರುತ್ತೀರಿ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೊರಗಿನ ಬಣ್ಣ ಬೇರೆಯಾದರೂ ಈ ಬಗೆಯ ಯಂತ್ರಗಳ ಒಳಗಿನ ಕೆಲಸ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ನಾನು ಹೇಳುವ ಒಳಿತು ಕೆಡುಕುಗಳು ಯಾವುದೋ ಒಂದು ಹೆಸರಿಗೆ ಮಾತ್ರ ಅಂಟುವಂಥವಲ್ಲ.

ಕೊಳ್ಳುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ಗೋಧಿ. ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ರಾತ್ರಿಯ ಅನ್ನ ನಿಂತು ಚಪಾತಿ ಬಂದಿತ್ತು, ಅಂಗಡಿಯ ಪೊಟ್ಟಣದ ಹಿಟ್ಟಿನಲ್ಲಿ ತೌಡು ಎಷ್ಟು ಉಳಿದಿರುತ್ತದೆ ಎಂಬ ಅನುಮಾನ ಕಾಡುತ್ತಿತ್ತು. ಗೋಧಿಯ ಮಟ್ಟಿಗೆ ಯಂತ್ರ ಮೊದಲ ದಿನದಿಂದ ಇವತ್ತಿನವರೆಗೂ ಒಂದು ಮಾತು ಹೇಳಿಸಿಕೊಂಡಿಲ್ಲ, ಆದ್ದರಿಂದ ಅದರ ಬಗ್ಗೆ ಬರೆಯಲು ಏನೂ ಇಲ್ಲ. ಆದರೆ ಮಂಡ್ಯದ ಮನೆಯಲ್ಲಿ ಹಿಟ್ಟಿನ ಯಂತ್ರಕ್ಕೆ ನಿಜವಾದ ಪರೀಕ್ಷೆ ರಾಗಿಯದು. ಆ ಪರೀಕ್ಷೆಯಲ್ಲಿ ಅದು ಮೊದಲ ಮೂರು ತಿಂಗಳು ಸತತವಾಗಿ ನಪಾಸಾಯಿತು.

ನಮ್ಮ ರಾಗಿ ನಾಗಮಂಗಲದ ಕಡೆಯ ಮಳೆಯಾಶ್ರಿತ ಹೊಲದಿಂದ ನೆಂಟರ ಮೂಲಕ ಬರುತ್ತದೆ. ತಳಿ ಜಿಪಿಯು-28, ನನ್ನ ಅತ್ತೆಯವರ ಬಾಯಲ್ಲಿ ಮಾತ್ರ ಎಲ್ಲ ರಾಗಿಯೂ ಇಂದಿಗೂ 'ಇಂಡಾಫ್' ಎಂದೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಮಾಡಿದ ಆ ತಳಿಗಳು ಈ ಜಿಲ್ಲೆಯ ಹಳಬರ ನಾಲಿಗೆಯ ಮೇಲೆ ಹಾಗೆ ನಿಂತುಬಿಟ್ಟಿವೆ. ಅದೇ ಹೊಲದ ರಾಗಿ ಬೀದಿಯ ಗಿರಣಿಯಲ್ಲಿ ಹಿಟ್ಟಾದಾಗ ಮುದ್ದೆ ಮುರಿದರೆ ಮುರಿಯುತ್ತಿತ್ತು, ಸಾರಿನಲ್ಲಿ ಹೊರಳಿಸಿದರೆ ಜಾರುತ್ತಿತ್ತು; ಮನೆಯ ಯಂತ್ರದಲ್ಲಿ ಹಿಟ್ಟಾದಾಗ ಕೋಲಿಗೂ ಕೈಗೂ ಅಂಟಿಕೊಂಡು, ಗಂಟಲಿನಲ್ಲಿ ಇಳಿಯದೆ, ಮೈದಾದ ಗೋಂದಿನಂತಾಗುತ್ತಿತ್ತು. ಅತ್ತೆಯವರು ಹಿಟ್ಟನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, "ಇದು ಇಟ್ಟಲ್ಲ ಕಣವ್ವ, ಮುಖಕ್ಕೆ ಹಚ್ಕಳೋ ಪೌಡ್ರು" ಎಂದರು. ಎಸರು ಹೆಚ್ಚು ಕಡಿಮೆ ಮಾಡಿದೆ, ಎಸರಿಗೆ ಮೊದಲು ಒಂದು ಹಿಡಿ ಅನ್ನ ಹಾಕಿ ನೋಡಿದೆ, ಹೆಚ್ಚು ಹೊತ್ತು ಮುಚ್ಚಿಟ್ಟು ಬೇಯಿಸಿದೆ. ತಪ್ಪು ಎಸರಿನದಲ್ಲ, ಪುಡಿಯಂತೆ ನುಣುಪಾದ ಹಿಟ್ಟಿನದೇ ಎಂದು ಅತ್ತೆಯವರು ಮೊದಲ ದಿನವೇ ಹೇಳಿದ್ದನ್ನು ನಾನು ಒಪ್ಪಿಕೊಳ್ಳಲು ಸಂಕ್ರಾಂತಿಯವರೆಗೆ ಬೇಕಾಯಿತು.

ಇಂಥ ಯಂತ್ರದೊಳಗೆ ಬೀಸುವ ಕಲ್ಲಿಲ್ಲ. ಬೀದಿಯ ಗಿರಣಿಯಲ್ಲಿ ಎರಡು ಕಲ್ಲುಗಳ ನಡುವೆ ಸಿಕ್ಕ ಕಾಳು ಅರೆದು ಹೊರಬರುತ್ತದೆ. ಇಲ್ಲಿಯಾದರೋ ಉಕ್ಕಿನ ಬಡಿಗೆಗಳು ರಭಸದಿಂದ ತಿರುಗಿ ಕಾಳನ್ನು ಬಡಿದು ಒಡೆಯುತ್ತವೆ, ಒಡೆದ ಪುಡಿ ಕೆಳಗಿನ ಜಾಲರಿಯ ತೂತಿನಲ್ಲಿ ತೂರುವಷ್ಟು ಸಣ್ಣದಾಗುವವರೆಗೂ ಪೆಟ್ಟು ತಿನ್ನುತ್ತಲೇ ಇರುತ್ತದೆ. ತೂತು ಸಣ್ಣದಾದಷ್ಟೂ ಹಿಟ್ಟು ಒಳಗೆ ಹೆಚ್ಚು ಹೊತ್ತು ನಿಂತು ಹೆಚ್ಚು ಬಿಸಿಯಾಗುತ್ತದೆ. ರಾಗಿ ಸಾಸಿವೆಯಷ್ಟೇ ಇರುವ ಕಾಳಾದ್ದರಿಂದ ಅತ್ಯಂತ ಸಣ್ಣ ಜಾಲರಿಯನ್ನೇ ಹಾಕಬೇಕೆಂದು ಅಂಗಡಿಯವರು ಹೇಳಿದ್ದರು, ನಾನೂ ಹಾಗೆಯೇ ಮಾಡುತ್ತಿದ್ದೆ. ಜಾಲರಿಯನ್ನು ಒಂದು ಮೆಟ್ಟಿಲು ದೊಡ್ಡದಕ್ಕೆ ಬದಲಿಸಿದ ದಿನ ಹಿಟ್ಟಿನಲ್ಲಿ ಬೆರಳಿಗೆ ತಿಳಿಯುವಷ್ಟು ತರಿ ಉಳಿಯಿತು, ಎರಡು ಕೆ.ಜಿ.ಗೆ 25 ನಿಮಿಷ ಹಿಡಿಯುತ್ತಿದ್ದ ಕೆಲಸ 15 ನಿಮಿಷಕ್ಕೆ ಮುಗಿಯಿತು. ಅಂದಿನ ಮುದ್ದೆ ಅವರೆಕಾಳು ಸಾರಿನೊಂದಿಗೆ ಮಾತಿಲ್ಲದೆ ಖಾಲಿಯಾಯಿತು. ಈ ವಿಮರ್ಶೆಯಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಮ್ಮಲ್ಲಿ ಹಿಟ್ಟು ಮಾಡುವ ಹೊತ್ತು. ರಾಗಿಯನ್ನು ಶನಿವಾರವೇ ಮೊರದಲ್ಲಿ ಕೇರಿ, ಕಲ್ಲು ಆರಿಸಿ, ತಾರಸಿಯ ಬಿಸಿಲಿಗೆ ಹರವಿರುತ್ತೇನೆ. ಯಂತ್ರ ದೊಡ್ಡ ಮಿಕ್ಸಿಯಂತೆ ಸದ್ದು ಮಾಡುತ್ತದೆ; ಮಹಡಿಯ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿ ಇರುವುದರಿಂದ ಮಾರ್ಚಿಯಲ್ಲಿ ಮೊದಲು ಕೇಳಿಯೇ ಗುಂಡಿ ಒತ್ತುತ್ತೇನೆ. ಬಿಸಿಯಾಗಿ ಬಿದ್ದ ಹಿಟ್ಟನ್ನು ತಕ್ಷಣ ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಗಂಟುಕಟ್ಟುತ್ತದೆ, ಆದ್ದರಿಂದ ಅಗಲವಾದ ತಟ್ಟೆಯಲ್ಲಿ ಹರವಿ ಬೆರಳಿನಿಂದ ಗೆರೆ ಎಳೆದು ಅರ್ಧ ಗಂಟೆ ಆರಲು ಬಿಡುತ್ತೇನೆ. ಆ ಅರ್ಧ ಗಂಟೆ ಅಡುಗೆಮನೆಯಲ್ಲಿ ಹಬ್ಬುವ ವಾಸನೆ, ಹೊಸ ಮಳೆ ಬಿದ್ದ ಹೊಲದ ಹಾಗೂ ಹುರಿದ ಕಾಳಿನ ನಡುವಿನ ಒಂದು ವಾಸನೆ, ಬೀದಿಯ ಗಿರಣಿಯಿಂದ ಚೀಲ ಹೊತ್ತು ತಂದ ಕಾಲದಲ್ಲಿ ನನಗೆ ಸಿಕ್ಕಿರಲೇ ಇಲ್ಲ. ಕಡೆಯಲ್ಲಿ ಒಂದು ಹಿಡಿ ಒಣ ಅಕ್ಕಿಯನ್ನು ಯಂತ್ರಕ್ಕೆ ಸುರಿದರೆ ಮೂಲೆಗಳಲ್ಲಿ ಕುಳಿತ ರಾಗಿ ಹಿಟ್ಟನ್ನು ಅದು ತಳ್ಳಿಕೊಂಡು ಹೊರಬರುತ್ತದೆ. ಕಂದು ಬೆರೆತ ಆ ಅಕ್ಕಿಹಿಟ್ಟು ಬಾಗಿಲಿನ ರಂಗೋಲಿಗೆ ಹೋಗುತ್ತದೆ, ಅಲ್ಲಿಂದ ಇರುವೆಗಳಿಗೆ. ಉಳಿದ ದೂಳಿಗೆ ಯಂತ್ರದ ಜೊತೆಯಲ್ಲಿ ಬಂದ ಹೀರುಗೊಳವೆಗಿಂತ ಹಳೆಯ ಎರಡು ಅಂಗುಲದ ಪೇಂಟ್ ಬ್ರಷ್ಷೇ ಮೇಲು.

ಕಾಳಿಗಾದರೆ ಹೆದರಿಕೆಯಿಲ್ಲ, ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಹಿಟ್ಟಾದ ಮೇಲೆ ಅದರೊಳಗಿನ ಜಿಡ್ಡಿಗೆ ಗಾಳಿ ತಾಗಿ ಕಹಿ ಶುರುವಾಗುತ್ತದೆ. ರಾಗಿಯಲ್ಲಿ ಜಿಡ್ಡು ಕಡಿಮೆಯಿರುವುದರಿಂದ ಸಜ್ಜೆಯ ಹಿಟ್ಟಿನಷ್ಟು ಬೇಗ ಕೆಡದಿದ್ದರೂ, ತಿಂಗಳ ಹಿಟ್ಟಿಗೂ ವಾರದ ಹಿಟ್ಟಿಗೂ ಇರುವ ಅಂತರ ಮುದ್ದೆಯಲ್ಲಿ ತಿಳಿಯುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳುವ ಸೌಕರ್ಯಕ್ಕೆ ನಾನು ಹಣ ಕೊಟ್ಟಿದ್ದೇನೆ ಎಂದು ಲೆಕ್ಕ ಹಾಕುತ್ತೇನೆ, ಏಕೆಂದರೆ ಬೇರೆ ಲೆಕ್ಕ ಹಾಕಿದರೆ ಮುಖಭಂಗವಾಗುತ್ತದೆ. ನಮ್ಮ ಬೀದಿಯ ಗಿರಣಿಯಲ್ಲಿ ಕೆ.ಜಿ.ಗೆ 8 ರೂಪಾಯಿ. ನಾಲ್ಕು ಜನರ ನಮ್ಮ ಮನೆಗೆ ರಾಗಿ, ಗೋಧಿ, ಅಕ್ಕಿ ಎಲ್ಲ ಸೇರಿ ತಿಂಗಳಿಗೆ 16 ಕೆ.ಜಿ., ಅಂದರೆ 128 ರೂಪಾಯಿ, ವರ್ಷಕ್ಕೆ 1,536. ಯಂತ್ರದ ಬೆಲೆ ಹುಟ್ಟಲು ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕು. ವಿದ್ಯುತ್ತಿನ ಖರ್ಚು ತಿಂಗಳಿಗೆ ಎರಡು ಮೂರು ಯೂನಿಟ್ಟಿನ ಮಾತು, ಗೃಹಜ್ಯೋತಿಯ ಮಿತಿಯೊಳಗೆ ಕಾಣದೆ ಹೋಗುತ್ತದೆ. ರಿಪೇರಿಯ ಖರ್ಚು ಹಾಗೆ ಕಾಣದೆ ಹೋಗುವುದಿಲ್ಲ.

2023ರ ದೀಪಾವಳಿಯ ಕಥೆಯನ್ನು ಇಲ್ಲಿಯೇ ಹೇಳಬೇಕು. ಕಜ್ಜಾಯಕ್ಕೆ ಅಕ್ಕಿಯನ್ನು ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಆರಹಾಕಿ, ಮುಷ್ಟಿಯಲ್ಲಿ ಹಿಡಿದರೆ ತಣ್ಣನೆಯ ತೇವ ಇನ್ನೂ ತಾಗುತ್ತಿರುವಾಗಲೇ ಹಿಟ್ಟು ಮಾಡಬೇಕು. ಪೂರಾ ಒಣಗಿದ ಅಕ್ಕಿಯ ಹಿಟ್ಟು ಬೆಲ್ಲದ ಪಾಕದೊಡನೆ ಹದವಾಗಿ ಕೂಡುವುದಿಲ್ಲ, ಕಜ್ಜಾಯ ಗಟ್ಟಿಯಾಗುತ್ತದೆ. ಯಂತ್ರದ ಕೈಪಿಡಿಯಲ್ಲಿ ತೇವದ ಕಾಳು ಹಾಕಬಾರದೆಂದು ಬರೆದಿದ್ದುದನ್ನು ನಾನು ಓದಿದ್ದೆ. ಆದರೂ ಮನೆಯಲ್ಲಿಯೇ ಗಿರಣಿ ಇಟ್ಟುಕೊಂಡು ಹಬ್ಬದ ಸಾಲಿನಲ್ಲಿ ನಿಲ್ಲುವುದೇ ಎಂಬ ಹಮ್ಮು. ಮೂರು ಕೆ.ಜಿ. ಅಕ್ಕಿಯಲ್ಲಿ ಅರ್ಧ ಕೆ.ಜಿ. ಒಳಗೆ ಹೋಗುವಷ್ಟರಲ್ಲಿ ಸದ್ದು ಕುಗ್ಗಿ, ಗೊರಗೊರ ಎಂದು, ಮೋಟಾರು ತಾನಾಗಿಯೇ ನಿಂತಿತು. ಬಾಗಿಲು ತೆಗೆದರೆ ಜಾಲರಿಯ ಒಂದೊಂದು ತೂತಿನಲ್ಲೂ ಹಿಟ್ಟು ಗಾರೆಯಂತೆ ಮೆತ್ತಿಕೊಂಡಿತ್ತು. ಒಂದು ವರ್ಷದ ವಾರಂಟಿ ಮುಗಿದು ಒಂದು ತಿಂಗಳಾಗಿತ್ತು. ದುರಸ್ತಿಯ ಹುಡುಗ ಮೈಸೂರಿನಿಂದ ಬಂದದ್ದು ಒಂಬತ್ತನೆಯ ದಿನ, ಹಬ್ಬವೆಲ್ಲ ಕಳೆದ ಮೇಲೆ. ಹೊಸ ಜಾಲರಿಗೆ 380, ಬಂದುಹೋದದ್ದಕ್ಕೆ 450.

ನನಗೆ ಸಿಟ್ಟು ಬಂದದ್ದು ಹಣಕ್ಕಲ್ಲ. ಅಂಗಡಿಯಲ್ಲಿ ಈ ಯಂತ್ರವನ್ನು ತೋರಿಸಿದಾಗ "ಅಕ್ಕಿ, ರಾಗಿ, ಗೋಧಿ, ಜೋಳ, ಮಸಾಲೆ, ಎಲ್ಲ ಆಗುತ್ತದೆ ಮೇಡಂ" ಎಂದಿದ್ದರು. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಗಿರಣಿಯ ನೆನಪು ಹೆಚ್ಚಾಗಿ ಬರುವ ಹೊತ್ತೇ ಕಜ್ಜಾಯದ ಹೊತ್ತು. ತೇವದ ಅಕ್ಕಿ ಇದಕ್ಕೆ ಆಗದೆಂಬುದನ್ನು ಈ ಕಡೆ ಮಾರುವವರು ತಾವಾಗಿ ಹೇಳಬೇಕಿತ್ತು. ಅಂದು ಆಲೆಮನೆಯಿಂದ ತಂದ ಎರಡು ಕೆ.ಜಿ. ಅಚ್ಚು ಬೆಲ್ಲ ಒಂದು ಕಡೆ, ಗಳಿಗೆ ಗಳಿಗೆಗೂ ಒಣಗುತ್ತಿದ್ದ ಅಕ್ಕಿ ಇನ್ನೊಂದು ಕಡೆ. ಒದ್ದೆ ಬಟ್ಟೆ ಹೊದಿಸಿ ಬೀದಿಯ ಗಿರಣಿಗೆ ಓಡಿದೆ. ಒಂದು ವರ್ಷದಿಂದ ಮುಖ ತೋರಿಸದಿದ್ದ ನನ್ನನ್ನು ಗಿರಣಿಯವರು ಗುರುತು ಹಿಡಿದು, "ಏನಕ್ಕಾ, ಮನೇಲೇ ಮಿಷನ್ ಮಡಿಕ್ಕಂಡು ನಮ್ತಾವ ಬಂದ್ರಾ?" ಎಂದು ಕೇಳಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಅಂದು ತೂಕಕ್ಕಿಂತ ಎರಡು ರೂಪಾಯಿ ಹೆಚ್ಚು ಕೊಟ್ಟು ಬಂದೆ.

ಆ ಸಿಟ್ಟಿನಲ್ಲಿ ಯಂತ್ರವನ್ನು ಮಾರಿಬಿಡುವ ಯೋಚನೆಯೂ ಇತ್ತು. ಅದನ್ನು ತಡೆದದ್ದು ಹುರಿಹಿಟ್ಟು, ಅಂದರೆ ಹುರಿದು ಅರಳಿಸಿದ ರಾಗಿಯ ಹಿಟ್ಟು. ಎಂಬತ್ತು ದಾಟಿದ ಅತ್ತೆಯವರಿಗೆ ಹಲ್ಲಿಲ್ಲ, ಬೆಳಗಿನ ತಿಂಡಿ ಅವರಿಗೆ ದಿನವೂ ಒಂದು ಗೋಳು. ಅವರ ತವರು ಪಾಂಡವಪುರದ ಕಡೆಯ ಹಳ್ಳಿ. ಹುರಿಹಿಟ್ಟನ್ನು ಅಲ್ಲಿ ಬೀಸುವ ಕಲ್ಲಿನಲ್ಲಿ ತಾವೇ ಬೀಸುತ್ತಿದ್ದುದಾಗಿ ಹೇಳುತ್ತಿದ್ದರು. ಬೀದಿಯ ಗಿರಣಿಯಲ್ಲಿ ಎರಡು ಕೆ.ಜಿ.ಗಿಂತ ಕಡಿಮೆ ಹಾಕಿಕೊಳ್ಳುವುದಿಲ್ಲ, ಹಾಕಿದರೂ ಹಿಂದಿನವರ ಗೋಧಿಯೋ ಜೋಳವೋ ಕಲ್ಲಿನ ಸಂದಿನಿಂದ ಬಂದು ಬೆರೆಯುತ್ತದೆ. ಹುರಿಹಿಟ್ಟಿನಂಥ ಸೂಕ್ಷ್ಮದ ವಸ್ತುವಿಗೆ ಆ ಬೆರಕೆ ಆಗದು. ನಮ್ಮ ಯಂತ್ರಕ್ಕಾದರೆ ಅರ್ಧ ಕೆ.ಜಿ. ಸಾಕು.

ರಾಗಿಗೆ ನೀರು ಚಿಮುಕಿಸಿ, ಕೈಯಿಂದ ಕಲಸಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಬೆಳಿಗ್ಗೆ ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ ಬಟ್ಟೆಯ ಉಂಡೆಯಿಂದ ಆಡಿಸಿದರೆ, ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆ ಒಡೆದು ಚಿಟಿಚಿಟಿ ಎಂದು ಅರಳುತ್ತದೆ. ಒಂದು ಹಿಡಿ ಹೆಚ್ಚಾದರೆ ಬಾಣಲೆ ತಣ್ಣಗಾಗಿ ಕಾಳು ಬರಿದೆ ಹುರಿದು ಕಪ್ಪಾಗುತ್ತದೆ, ಅರಳುವುದಿಲ್ಲ. ಅರಳಿದ ರಾಗಿ ಆರಿದ ಮೇಲೆ ಗರಿಗರಿಯಾಗಿ ಒಣಗಿರುವುದರಿಂದ ಈ ಯಂತ್ರಕ್ಕೆ ಅದಕ್ಕಿಂತ ಇಷ್ಟದ ಕೆಲಸ ಬೇರೆ ಇದ್ದಂತೆ ಕಾಣೆ: ಆರು ನಿಮಿಷದಲ್ಲಿ, ಹಿಟ್ಟು ಬಿಸಿಯಾಗುವ ಮೊದಲೇ, ಮುಗಿಯುತ್ತದೆ. ಜೊತೆಗೆ ಒಂದು ಹಿಡಿ ಹುರಿಗಡಲೆ, ನಾಲ್ಕು ಏಲಕ್ಕಿ. ಅತ್ತೆಯವರು ಬಿಸಿ ಹಾಲು, ಬೆಲ್ಲದ ಪುಡಿ, ಒಂದು ಚಮಚ ತುಪ್ಪ ಬೆರೆಸಿ ಕಲಸಿಕೊಂಡು, ಬಟ್ಟಲನ್ನು ಬೆರಳಿನಿಂದ ಒರೆಸುವವರೆಗೂ ಮಾತಾಡುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ವೈದ್ಯರ ಮುಂದೆ ನಾನು ಹೇಳುವುದುಂಟು. ಅತ್ತೆಯವರಿಗೆ ಅದರ ಗೊಡವೆಯಿಲ್ಲ, ಏಲಕ್ಕಿ ಕಡಿಮೆಯಾಗಿದೆ ಎಂದಷ್ಟೇ ಹೇಳುತ್ತಾರೆ.

ಇನ್ನುಳಿದ ಸಣ್ಣಪುಟ್ಟ ದೂರುಗಳು: ಮದುವೆಗೆಂದು ಮೂರು ವಾರ ಊರಿಗೆ ಹೋಗಿ ಬಂದಾಗ ಒಳಗೆ ಉಳಿದಿದ್ದ ಗೋಧಿಹಿಟ್ಟಿನಲ್ಲಿ ಹುಳುವಾಗಿತ್ತು, ಹೊರಡುವ ಮುನ್ನ ಬ್ರಷ್ ಆಡಿಸದಿದ್ದದ್ದು ನನ್ನದೇ ತಪ್ಪು. ಚಕ್ರಗಳಲ್ಲಿ ಒಂದು ಸೊಟ್ಟಗಾಗಿದೆ. ಹೊಸ ಜಾಲರಿ ಎರಡು ವರ್ಷಕ್ಕೂ ಸವೆದಿಲ್ಲ.

ತಿಂಗಳಿಗೆ ನಾಲ್ಕೈದು ಕೆ.ಜಿ. ಹಿಟ್ಟು ಸಾಕಾಗುವ ಮನೆಯವರು, ಹತ್ತು ಹೆಜ್ಜೆಯಲ್ಲಿ ಗಿರಣಿ ಇರುವವರು ಇದಕ್ಕೆ ಹಣ ಸುರಿಯಬೇಡಿ. ಚಿಕ್ಕ ಮಗುವಿಗೆ ಮೊಳಕೆ ರಾಗಿಯ ಸರಿ ಮಾಡುವವರು, ಹಲ್ಲಿಲ್ಲದ ಹಿರಿಯರಿರುವ ಮನೆಯವರು, ಗೋಧಿ ಒಗ್ಗದೆ ಬೆರಕೆಗೆ ಹೆದರುವವರು ಕೊಳ್ಳಬಹುದು. ಮೊಳಕೆಯ ಕಾಳು ಕಚ್ಚಿದರೆ ಕಟಕ್ಕೆನ್ನುವಷ್ಟು ಒಣಗಿರಲಿ. ಈ ದೀಪಾವಳಿಗೂ ನಮ್ಮ ಕಜ್ಜಾಯದ ಅಕ್ಕಿ ಬೀದಿಯ ಗಿರಣಿಗೇ ಹೋಗುತ್ತದೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ಮೊದಲೇ ಹೋದರೆ ಅಲ್ಲಿ ಸಾಲು ಚಿಕ್ಕದಿರುತ್ತದೆ.