ಸದಸ್ಯರ ಮನೆಗಳನ್ನು ನಕ್ಷೆಯಲ್ಲಿ ತೋರಿಸಲು ಹೋಗಿ ನಾನು ಮಾಡಿದ ಎಡವಟ್ಟು

ನಿಮ್ಮದೂ ಒಂದು ಗುಂಪು ಇದೆ, ಅದಕ್ಕೊಂದು ಜಾಲತಾಣ ಇದೆ, ಅದರಲ್ಲಿ ಸದಸ್ಯರು ಎಲ್ಲೆಲ್ಲಿದ್ದಾರೆ ಅಂತ ತೋರಿಸುವ ನಕ್ಷೆ ಹಾಕುವ ಆಸೆ ಇದೆ ಅಂತಾದರೆ, ಹಾಕುವ ಮೊದಲು ಇದನ್ನು ಓದಿ. ನಾನು ಹಾಕಿದ್ದೆ. ಎರಡೂವರೆ ತಿಂಗಳಲ್ಲಿ ತೆಗೆದೆ. ತೆಗೆದ ಮೇಲೂ ಮುಗಿಯಲಿಲ್ಲ.

ನಮ್ಮದು ಬೀಜ, ಬಳ್ಳಿ, ಗೆಡ್ಡೆ ಹಂಚಿಕೊಳ್ಳುವ ಗುಂಪು. ಮಂಗಳೂರು, ಉಡುಪಿ, ಕಾರ್ಕಳ, ಕುಂದಾಪುರದ ಕಡೆಯವರು. ದುಡ್ಡಿನ ವ್ಯವಹಾರ ಇಲ್ಲ. ಹರಿವೆ ಬೀಜ ಕೊಟ್ಟು ಅಲಸಂಡೆ ಬೀಜ ತಗೊಳ್ಳುವುದು, ಬಸಳೆ ಬಳ್ಳಿ ಕೊಟ್ಟು ಕೆಸುವಿನ ಗೆಡ್ಡೆ ತಗೊಳ್ಳುವುದು, ಇಷ್ಟೇ. ಮೊದಲು ವಾಟ್ಸಾಪ್ ಮಾತ್ರ ಇತ್ತು. ಶುಭೋದಯದ ಗುಲಾಬಿಗಳ ನಡುವೆ ಬೀಜದ ಮಾತು ಕಳೆದುಹೋಗುತ್ತಿತ್ತು. ಹಾಗಾಗಿ ನಾನೇ ಒಂದು ಜಾಲತಾಣ ಮಾಡಿದೆ. ನಾನು ಕಂಪ್ಯೂಟರ್ ಓದಿದವನಲ್ಲ, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಆದರೆ ಈಗ ಎಲ್ಲ ಸಿದ್ಧ ತುಂಡುಗಳು ಸಿಗುತ್ತವೆ ಅಲ್ವಾ, ಜೋಡಿಸಿದರೆ ಆಯಿತು. ಸದಸ್ಯರು ನಾನೂರರ ಹತ್ತಿರ ಆದರು.

ಪತ್ತನಾಜೆ, ಅಂದರೆ ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ, ಹತ್ತಿರ ಬಂದರೆ ನಮ್ಮಲ್ಲಿ ಗಡಿಬಿಡಿ. ಮಳೆಗೆ ಮೊದಲು ಬೀಜ ಕೈಯಲ್ಲಿರಬೇಕು. "ಸುರತ್ಕಲ್ ಹತ್ತಿರ ಮುಳ್ಳುಸೌತೆ ಬೀಜ ಯಾರಲ್ಲಿ ಉಂಟು?", "ಬ್ರಹ್ಮಾವರ ಕಡೆ ಬಿಳಿ ಬೆಂಡೆ ಸಿಗಬಹುದಾ?" ಅಂತ ದಿನಕ್ಕೆ ಹತ್ತು ಪ್ರಶ್ನೆ. ಯಾರೋ ಹೇಳಿದರು, "ಒಂದು ನಕ್ಷೆ ಹಾಕಿ ಮಾರಾಯ್ರೆ, ಹತ್ತಿರ ಯಾರಿದ್ದಾರೆ ಅಂತ ನಾವೇ ನೋಡಿಕೊಳ್ಳುತ್ತೇವೆ." ಒಳ್ಳೆಯ ಮಾತು ಅನ್ನಿಸಿತು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತವನು ಚಹಾದ ಹೊತ್ತಿಗೆ ಎದ್ದೆ. ನಕ್ಷೆ ಸಿದ್ಧ, "ನನ್ನ ಹತ್ತಿರದವರು" ಎಂಬ ಹುಡುಕಾಟವೂ ಸಿದ್ಧ.

ಮೊದಲ ವಾರ ಬರೀ ನಗು. ಜಾಗವನ್ನು ಇಂಟರ್ನೆಟ್ ಸಂಪರ್ಕದ ಐಪಿ ಸಂಖ್ಯೆಯಿಂದ ಊಹಿಸುವಂತೆ ಬಿಟ್ಟಿದ್ದೆ. ಕುಂದಾಪುರದವರೆಲ್ಲ ಬೆಂಗಳೂರಿನಲ್ಲಿ ಕಾಣಿಸಿಕೊಂಡರು. ಮೊಬೈಲ್ ಕಂಪನಿಗಳ ಐಪಿ ಹಾಗೆಯೇ, ನೀವು ಕೂತಲ್ಲಿ ಅಲ್ಲ, ಅವರ ಯಂತ್ರ ಇದ್ದಲ್ಲಿ ತೋರಿಸುತ್ತದೆ. ಅದನ್ನು ಬಿಟ್ಟು ಸದಸ್ಯರು ಕೊಟ್ಟ ವಿಳಾಸದಿಂದ ಅಕ್ಷಾಂಶ, ರೇಖಾಂಶ ಹಾಕಿದೆ. ಯಾವುದು ಮೊದಲು ಬರಬೇಕು ಅಂತ ನೋಡಲಿಲ್ಲ. ನಕ್ಷೆ ತೋರಿಸುವ ತಂತ್ರಾಂಶ ಲೀಫ್ಲೆಟ್‌ನಲ್ಲಿ ಅಕ್ಷಾಂಶ ಮೊದಲು, ಚುಕ್ಕೆಗಳ ಪಟ್ಟಿ ಇಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಮಂಗಳೂರಿನ 12.9, 74.8 ಅದಲುಬದಲಾಗಿ ನಮ್ಮ ಜನ ನಾರ್ವೆಗೂ ಉತ್ತರಕ್ಕೆ ಸಮುದ್ರದಲ್ಲಿ ತೇಲಿದರು. ವಿಳಾಸ ಖಾಲಿ ಬಿಟ್ಟವರು ಸೊನ್ನೆ, ಸೊನ್ನೆಯಲ್ಲಿ, ಅಂದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ. ಪಿನ್‌ಕೋಡ್ ಹಾಕಿದವರದು ಇನ್ನೊಂದು ಕಥೆ. 576101 ಎಂದವರೆಲ್ಲ ಉಡುಪಿಯ ಒಂದೇ ಚುಕ್ಕೆಯ ಮೇಲೆ ಒಬ್ಬರ ತಲೆಯ ಮೇಲೊಬ್ಬರು. ಪೂರ್ತಿ ವಿಳಾಸ ಕೊಟ್ಟರೂ ಪ್ರಯೋಜನ ಇಲ್ಲ, ಏಕೆಂದರೆ ನಮ್ಮ ವಿಳಾಸ "ದೈವಸ್ಥಾನದ ಹಿಂದೆ, ದೊಡ್ಡ ಹಲಸಿನ ಮರದ ಎದುರು" ಅಂತ ಇರುತ್ತದೆ. ಯಾವ ಯಂತ್ರಕ್ಕೆ ಆ ಮರ ಗೊತ್ತು?

ದೂರದ ಲೆಕ್ಕವೂ ಹಾಗೆಯೇ. ಅದು ಕಾಗೆ ಹಾರಿದ ದೂರ. ಸುಲ್ತಾನ್ ಬತ್ತೇರಿಯವರಿಗೆ ತಣ್ಣೀರುಬಾವಿಯವರು ಒಂದು ಕಿಲೋಮೀಟರಿನೊಳಗೆ ಅಂತ ಬಂತು. ನಡುವೆ ಹೊಳೆ ಉಂಟು. ದೋಣಿ ಇಲ್ಲದ ದಿನ ಕೂಳೂರು ಸೇತುವೆ ಸುತ್ತಿ ಹೋಗಬೇಕು, ಹತ್ತು ಕಿಲೋಮೀಟರಿಗೂ ಜಾಸ್ತಿ. ಹೊಳೆ, ಅಳಿವೆ ಇರುವ ನಮ್ಮ ಕರಾವಳಿಯಲ್ಲಿ "ಹತ್ತಿರ" ಎಂಬುದಕ್ಕೆ ಯಂತ್ರದ ಅರ್ಥವೇ ಬೇರೆ.

ಇಷ್ಟಕ್ಕೇ ನಿಂತಿದ್ದರೆ ಇದು ಎಚ್ಚರಿಕೆಯ ಬರಹ ಆಗುತ್ತಿರಲಿಲ್ಲ, ನಗೆಹನಿ ಆಗುತ್ತಿತ್ತು.

ಇದನ್ನೆಲ್ಲ ಸರಿಮಾಡಲು ನಾನು ಒಂದು ಗುಂಡಿ ಇಟ್ಟೆ. "ಹತ್ತಿರದ ಬೀಜ ಹುಡುಕಲು ನಿಮ್ಮ ಜಾಗ ತಿಳಿಸಿ." ಅದನ್ನು ಒತ್ತಿದರೆ ಫೋನು ಕೇಳುತ್ತದೆ, ಜನ "ಅನುಮತಿಸಿ" ಒತ್ತುತ್ತಾರೆ. ನಾವೆಲ್ಲ ಒತ್ತುತ್ತೇವೆ ಅಲ್ವಾ, ಓದುತ್ತೇವಾ? ಫೋನಿನ ಜಿಪಿಎಸ್ ಕೊಟ್ಟ ಸಂಖ್ಯೆಯಲ್ಲಿ ದಶಮಾಂಶ ಬಿಂದುವಿನ ನಂತರ ಆರು ಅಂಕಿ. ಎರಡು ಅಂಕಿ ಇದ್ದರೆ ಸುಮಾರು 1.1 ಕಿಲೋಮೀಟರಿನ ಲೆಕ್ಕ. ನಾಲ್ಕು ಇದ್ದರೆ 11 ಮೀಟರ್. ಐದಕ್ಕೆ ಹೋದರೆ ಒಂದು ಮೀಟರು ಚಿಲ್ಲರೆ. ಆರನ್ನೂ ನಾನು ಹಾಗೆಯೇ ಉಳಿಸಿಟ್ಟೆ. ಹುಡುಕಲು ಅಂತ ಕೇಳಿದ್ದನ್ನು ನಕ್ಷೆಯಲ್ಲಿ ಎಲ್ಲರಿಗೂ ತೋರಿಸಿದೆ. ಯಾರನ್ನೂ ಕೇಳಲಿಲ್ಲ. ಬೇಡದವರು ತೆಗೆಯಬಹುದು ಅಂತ ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ ಒಂದು ಚೌಕ ಇತ್ತು. ಅದನ್ನು ಕಂಡವರು ಎಷ್ಟು ಮಂದಿಯೋ.

ನಮ್ಮಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದರು. ಒಬ್ಬರೇ ಇರುವುದು. ಯಾವ ಕಡೆ ಅಂತ ಬರೆಯುವುದಿಲ್ಲ, ಒಮ್ಮೆ ಬರೆದದ್ದೇ ಸಾಕು. ಅವರ ಅಂಗಳದ ಆರ್ಕಿಡ್ ಫೋಟೋಗಳು ಎಲ್ಲರಿಗೂ ಇಷ್ಟ. ಒಂದು ಸಂಜೆ ಏಳು ಗಂಟೆಗೆ ಒಬ್ಬ ಗಂಡಸು ಗೇಟಿನ ಹತ್ತಿರ ಬಂದು ಗಿಡ ಕೊಡ್ತೀರಾ ಅಂತ ಕೇಳಿದ. ಇಲ್ಲ ಅಂದರು. ನಾಲ್ಕು ದಿನ ಬಿಟ್ಟು ಮತ್ತೆ ಬಂದ. "ನೀವು ಒಬ್ಬರೇ ಇರುವುದಾ?" ಅಂತ ಕೇಳಿದ. ಮೂರನೇ ಸಲ ಗೇಟು ತೆಗೆದು ಒಳಗೇ ಬಂದು ಅಂಗಳದಲ್ಲಿ ನಿಂತಿದ್ದ. ಪಕ್ಕದ ಮನೆಯವರು ಬಂದು ಜೋರು ಮಾಡಿದ ಮೇಲೆ ಹೋದ.

ಟೀಚರ್ ನನಗೆ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾನು ಊರಿನ ಹೆಸರು ಮಾತ್ರ ಕೊಟ್ಟದ್ದಲ್ವಾ? ಅವನು ದಾರಿಯಲ್ಲಿ ಯಾರನ್ನೂ ಕೇಳಲಿಲ್ಲವಂತೆ, ನೇರ ನಮ್ಮ ಗೇಟಿಗೇ ಬಂದದ್ದಂತೆ. ಹೇಗೆ?" ಅಂದರು.

ನಾನು ನಕ್ಷೆ ತೆರೆದು ದೊಡ್ಡದು ಮಾಡಿದೆ. ಚುಕ್ಕೆ ಅವರ ತುಳಸಿಕಟ್ಟೆಯ ಮೇಲೆಯೇ ಇತ್ತು. ಆ ಮನುಷ್ಯ ಬರುವ ಎರಡು ದಿನ ಮೊದಲು ಸದಸ್ಯನಾಗಿದ್ದ. ಒಂದು ಇಮೇಲ್ ಇದ್ದರೆ ಯಾರೂ ಸೇರಬಹುದಿತ್ತು, ಆ ಬಾಗಿಲು ಇಟ್ಟವನೂ ನಾನೇ.

ಅವತ್ತೇ ರಾತ್ರಿ ನಕ್ಷೆ ತೆಗೆದೆ. ಹೊಸ ಸದಸ್ಯರನ್ನು ನೋಡಿ ಸೇರಿಸುವ ಪದ್ಧತಿ ಮಾಡಿದೆ. ಆದರೆ "ಹತ್ತಿರದವರು" ಹುಡುಕಾಟ ಉಳಿಸಿಕೊಂಡೆ, ಅದರಲ್ಲಿ ಚುಕ್ಕೆ ಇಲ್ಲವಲ್ಲ, ಬರೀ ದೂರ. "ಬಸಳೆ ಬಳ್ಳಿ, 1.32 ಕಿಲೋಮೀಟರ್" ಅಂತ ಬರುತ್ತಿತ್ತು. ಇದರಿಂದ ಏನು ತೊಂದರೆ ಅಂತ ನನ್ನ ಯೋಚನೆ. ಇಲ್ಲೇ ನೀವು ಜಾಗ್ರತೆ ಮಾಡಬೇಕು, ಏಕೆಂದರೆ ಹೆಚ್ಚಿನವರು ನನ್ನ ಹಾಗೆಯೇ ಯೋಚಿಸುತ್ತಾರೆ.

ಸದಸ್ಯರೊಬ್ಬರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಮನೆಗೆ ಬಂದು, "ಅಂಕಲ್, ನಿಮ್ಮ ಮನೆಯನ್ನೇ ಹುಡುಕಿ ತೋರಿಸ್ತೇನೆ, ಬೇಸರ ಮಾಡಬೇಡಿ" ಅಂದ. ತನ್ನ ಜಾಗ ಕದ್ರಿ ಅಂತ ಹಾಕಿದ. ನನ್ನ ಹೆಸರಿನ ಮುಂದೆ ಒಂದು ದೂರ ಬಂತು. ಕೈವಾರದಿಂದ ಕಾಗದದ ಮೇಲೆ ಅಷ್ಟು ದೂರಕ್ಕೆ ಒಂದು ಸುತ್ತು ಎಳೆದ. ಆಮೇಲೆ ತನ್ನ ಜಾಗ ಉರ್ವ ಅಂತ ಬದಲಿಸಿದ, ಇನ್ನೊಂದು ಸುತ್ತು. ಆಮೇಲೆ ಕಂಕನಾಡಿ. ಅವನು ಕೂತದ್ದು ನನ್ನ ಚಾವಡಿಯಲ್ಲಿ, ಕುರ್ಚಿಯಿಂದ ಏಳಲೇ ಇಲ್ಲ. ಜಾಗ ಸುಳ್ಳು ಹೇಳಿದರೆ ಯಾರು ನೋಡುತ್ತಾರೆ? ಮೂರು ಸುತ್ತುಗಳು ಒಂದೇ ಕಡೆ ಕೂಡಿದವು. ಕಾಗದದಲ್ಲಿ ಅಂದಾಜಾಯಿತು, ಲ್ಯಾಪ್‌ಟಾಪಿನಲ್ಲಿ ಮಾಡಿದಾಗ ನಮ್ಮ ಬಾವಿಕಟ್ಟೆ ಬಂತು.

ಇದು ಹೊಸ ವಿದ್ಯೆ ಅಲ್ಲವಂತೆ. ಸಂಗಾತಿ ಹುಡುಕುವ ಟಿಂಡರ್ ಆ್ಯಪಿನಲ್ಲಿ ಇದೇ ದೋಷ ಇದ್ದದ್ದನ್ನು ಇನ್‌ಕ್ಲೂಡ್ ಸೆಕ್ಯುರಿಟಿ ಎಂಬ ಸಂಸ್ಥೆ 2014ರಲ್ಲಿ ಬಯಲು ಮಾಡಿತ್ತು. ಅಷ್ಟು ದೊಡ್ಡವರೇ ಬಿದ್ದ ಗುಂಡಿ.

"ದಶಮಾಂಶ ತೆಗೆದು ಒಂದು ಕಿಲೋಮೀಟರ್, ಎರಡು ಕಿಲೋಮೀಟರ್ ಅಂತ ತೋರಿಸಿದರೆ?" ಅಂತ ಕೇಳಿದೆ. ಅದೂ ಸಾಲದು ಅಂದ. ತನ್ನ ಸುಳ್ಳು ಜಾಗವನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರೆ, ಒಂದು ಎರಡಾಗುವ ಗೆರೆ ಎಲ್ಲೋ ಸಿಗುತ್ತದೆ. ಆ ಗೆರೆಯೇ ಅವನಿಗೆ ಸುತ್ತು. ಪ್ರತಿ ಸಲ ಬೇರೆ ಬೇರೆ ಹೆಚ್ಚುಕಮ್ಮಿ ಸೇರಿಸಿ ತೋರಿಸಿದರೂ ಆಗದು, ನೂರು ಸಲ ಕೇಳಿ ಸರಾಸರಿ ತೆಗೆದರೆ ನಿಜ ಹೊರಬರುತ್ತದೆ. ತೋರಿಸುವಾಗ ಮುಚ್ಚುವುದಲ್ಲ, ಉಳಿಸುವಾಗಲೇ ಒರಟು ಮಾಡಿ ಉಳಿಸಬೇಕು. ಒಳಗೆ ನಿಖರವಾದದ್ದು ಇಲ್ಲದಿದ್ದರೆ ಸೋರುವುದಕ್ಕೇನಿದೆ?

ಅವನು ಇನ್ನೊಂದು ತೋರಿಸಿದ, ಅದು ನನಗೆ ಜಾಸ್ತಿ ನೋವಾದದ್ದು. ನಾನು ತೆಗೆದದ್ದು ನಕ್ಷೆಯ ಪುಟ ಮಾತ್ರ. ಆ ಪುಟಕ್ಕೆ ಚುಕ್ಕೆಗಳನ್ನು ಕೊಡುತ್ತಿದ್ದ ಕಡತ ಹಾಗೆಯೇ ಇತ್ತು. ಅದರ ವಿಳಾಸ ಗೊತ್ತಿದ್ದರೆ ಲಾಗಿನ್ ಇಲ್ಲದೆಯೇ ತೆರೆಯಿತು. ಎಲ್ಲರ ಹೆಸರು, ಆರು ಅಂಕಿಯ ಅಕ್ಷಾಂಶ, ರೇಖಾಂಶ. ಮೂರನೇ ಪುಟದ ಆ ಚೌಕ ಹುಡುಕಿ "ನನ್ನನ್ನು ತೋರಿಸಬೇಡಿ" ಅಂತ ಹೇಳಿದ ಬುದ್ಧಿವಂತರದೂ ಇತ್ತು. ಅವರ ಹೆಸರಿನ ಮುಂದೆ "ಮರೆಮಾಡಿದೆ" ಎಂಬ ಗುರುತು ಬೇರೆ, ಇವರನ್ನೇ ಮೊದಲು ನೋಡಿ ಎಂಬಂತೆ.

ದುಡ್ಡೂ ಹೋಯಿತು. ನಕ್ಷೆ ಸೇವೆಯ ಕೀಲಿಗೆ, ಅಂದರೆ ಅದನ್ನು ಬಳಸಲು ಅವರು ಕೊಡುವ ಸಂಕೇತಕ್ಕೆ, ನಮ್ಮ ಜಾಲತಾಣದಿಂದ ಮಾತ್ರ ಬಳಸಬಹುದು ಎಂಬ ಮಿತಿ ಹಾಕಿರಲಿಲ್ಲ. ಯಾರೋ ಅದನ್ನು ಎತ್ತಿಕೊಂಡು ತಮ್ಮ ಕೆಲಸಕ್ಕೆ ಬಳಸಿದರು, ನನ್ನ ಕಾರ್ಡಿನಿಂದ ಏಳು ಸಾವಿರ ಚಿಲ್ಲರೆ ಹೋಯಿತು. ಅದು ನನ್ನ ಅಜಾಗ್ರತೆ, ಬಿಡಿ. ಜನರೇ ಸೇರಿ ಮಾಡುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ದುಡ್ಡು ಬೇಡ, ಆದರೆ ಅವರ ವಿಳಾಸದಿಂದ ಜಾಗ ಹುಡುಕುವ ನಾಮಿನಾಟಿಮ್ ಸೇವೆಯಲ್ಲಿ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ವಿಳಾಸ ಕೇಳಬಾರದು ಅಂತ ನಿಯಮ ಉಂಟು. ನಾನೂರನ್ನು ಒಟ್ಟಿಗೆ ಸುರಿಯಬೇಡಿ.

ಈಗ ನಮ್ಮಲ್ಲಿ ನಕ್ಷೆ ಇಲ್ಲ. ಸದಸ್ಯರು ಒಂದು ಪಟ್ಟಿಯಿಂದ ಊರು ಆರಿಸುತ್ತಾರೆ: ಸುರತ್ಕಲ್, ಮೂಲ್ಕಿ, ಕಾಪು, ಮಣಿಪಾಲ, ಹೀಗೆ. ಜಿಪಿಎಸ್ ಕೇಳುವುದೇ ಇಲ್ಲ. ಹುಡುಕಿದರೆ ಊರಿನಿಂದ ಊರಿಗೆ ಲೆಕ್ಕ. "ಇದೇ ಊರು", "ಪಕ್ಕದ ಊರು", "ದೂರ" ಅಂತ ಮೂರೇ ಉತ್ತರ. ಹೊಳೆ ಆಚೆಯವರು ಪಕ್ಕದ ಊರಾ ದೂರವಾ ಅಂತ ನಾನೇ ಕೂತು ಕೈಯಿಂದ ಬರೆದೆ, ಯಂತ್ರಕ್ಕಿಂತ ಅದೇ ಸರಿಯಾಯಿತು. ಸುಮ್ನೆ ಇದ್ದರೆ ಯಾರೂ ಕಾಣಿಸುವುದಿಲ್ಲ, ಕಾಣಿಸಬೇಕು ಅನ್ನುವವರು ತಾವೇ ಗುರುತು ಹಾಕಬೇಕು.

ಇದರಲ್ಲೂ ಒಂದು ಸಿಕ್ಕು ಉಂಟು. ಮಂಗಳೂರು ಪೇಟೆಯಲ್ಲಿ ಊರಿನ ಹೆಸರು ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಘಟ್ಟದ ಬುಡದ ಒಂದು ಹಳ್ಳಿಯಲ್ಲಿ ನಮ್ಮ ಸದಸ್ಯರು ಒಬ್ಬರೇ ಇದ್ದರೆ, ಊರಿನ ಹೆಸರೇ ಮನೆಯ ವಿಳಾಸ. ಬಸ್ಸಿಳಿದು ಕೇಳಿದರೆ ಮಕ್ಕಳೂ ತೋರಿಸುತ್ತಾರೆ. ಸ್ಟ್ರಾವಾ ಎಂಬ ಓಟಗಾರರ ಆ್ಯಪಿನ ನಕ್ಷೆಯಿಂದ 2018ರಲ್ಲಿ ಸೇನಾ ನೆಲೆಗಳು ಹೊರಬಿದ್ದದ್ದೂ ಹೀಗೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಬೇರೆ ಯಾರೂ ಆ ಆ್ಯಪ್ ಬಳಸದ ಮರುಭೂಮಿಯಲ್ಲಿ ಓಡಿದವರು ಸೈನಿಕರು ಮಾತ್ರ, ಗೆರೆ ಎದ್ದು ಕಂಡಿತು. ಹಾಗಾಗಿ ಐದು ಜನಕ್ಕಿಂತ ಕಡಿಮೆ ಇರುವ ಊರನ್ನು ನಾವು ತೋರಿಸುವುದಿಲ್ಲ, ತಾಲೂಕು ಮಾತ್ರ.

ಫೋಟೋಗಳನ್ನೂ ನೋಡಿಕೊಳ್ಳಿ. ಫೋನಿನಲ್ಲಿ ತೆಗೆದ ಹೂವಿನ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಕೂತಿರಬಹುದು. ಜಾಲತಾಣ ಅದನ್ನು ಅಳಿಸಿಯೇ ಉಳಿಸಬೇಕು. "ಹತ್ತು ದಿನ ಊರಲ್ಲಿಲ್ಲ, ಗಿಡಕ್ಕೆ ನೀರು ಯಾರು ಹಾಕ್ತೀರಿ?" ಅಂತ ನಮ್ಮವರು ಬರೆಯುತ್ತಿದ್ದರು. ಪಕ್ಕದಲ್ಲೇ ಮನೆಯ ಚುಕ್ಕೆ. ಕಳ್ಳನಿಗೆ ಇನ್ನೇನು ಬೇಕು ಹೇಳಿ. ಅಂಥದ್ದೇನೂ ಆಗಲಿಲ್ಲ, ನನ್ನ ಅದೃಷ್ಟ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಎಲ್ಲ ಆದ ಮೇಲೆ ಓದಿದೆ. ಯಾವ ಕೆಲಸಕ್ಕೆ ಅಂತ ಹೇಳಿ ಒಪ್ಪಿಗೆ ಪಡೆದಿರುತ್ತೀರೋ ಅದಕ್ಕೆ ಮಾತ್ರ ಬಳಸಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಬರಬೇಕು ಅಂತ ಅದರಲ್ಲಿದೆ. ನನ್ನ ಗುಂಡಿ ಮತ್ತು ಮೂರನೇ ಪುಟದ ಚೌಕ ನೆನಪಾಗಿ ಮುಖ ಬಿಸಿಯಾಯಿತು.

ಹಳೆಯ ಸಂಖ್ಯೆಗಳನ್ನೆಲ್ಲ ಅಳಿಸಿದೆ. ಬ್ಯಾಕಪ್‌ಗಳಲ್ಲಿ ಇನ್ನೂ ಇದ್ದವು, ಅದು ಮತ್ತೆರಡು ರಾತ್ರಿಯ ಕೆಲಸ. ಟೀಚರ್ ಗುಂಪು ಬಿಟ್ಟರು. ಗೇಟಿಗೆ ಹೊಸ ಬೀಗ ಹಾಕಿಸಿದ್ದಾರೆ, ಆರ್ಕಿಡ್‌ಗಳನ್ನು ಹಿಂದಿನ ಅಂಗಳಕ್ಕೆ ಸಾಗಿಸಿದ್ದಾರಂತೆ.

ಮೊನ್ನೆ ಒಬ್ಬರು ವಾಟ್ಸಾಪಿನಲ್ಲಿ ಹಳೆಯ ನಕ್ಷೆಯ ಸ್ಕ್ರೀನ್‌ಶಾಟ್ ಹಾಕಿ, "ಎಷ್ಟು ಚಂದ ಇತ್ತು ಇದು, ಯಾಕೆ ತೆಗೆದದ್ದು?" ಅಂತ ಕೇಳಿದರು. ಬೇರೆ ಎರಡು ಗುಂಪಿನಿಂದ ದಾಟಿ ಬಂದ ಚಿತ್ರ ಅದು. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಟೀಚರ್ ಮನೆಯ ಚುಕ್ಕೆ ಅದರಲ್ಲಿ ಹಾಗೆಯೇ ಉಂಟು.